ಲೀಡರ ಸಮಾಧಿಗೊಂದು ಕಂಬಳಿ

"ಯಪ್ಪಾ, ಲೀಡರ ಸಮಾಧಿಗೆ ದಾರಿ ಯಾವುದು?"

ಮಕ್ತಲ ದಾಟಿ ದಾರಿ ಎರಡಾಗುವಲ್ಲಿ ನಮ್ಮ ಎತ್ತಿನ ಗಾಡಿ ನಿಂತಿತ್ತು. ಎಮ್ಮೆ ಕಾಯುತ್ತಿದ್ದ ಮುದುಕ ನನ್ನನ್ನೂ, ಆ ಸುಡುಬಿಸಿಲಲ್ಲಿ ನನ್ನ ತೊಡೆಯ ಮೇಲಿದ್ದ ಕರಿ ಕಂಬಳಿಯನ್ನೂ ನೋಡಿದ.

"ಹಳೇ ಸರ್ಕಾರದವರದೋ, ಹೊಸ ಸರ್ಕಾರದವರದೋ?"

"ಎರಡೂ ಅದಾವೇನು?"

"ಶೇರವಾನಿಯವರು ಬಲಕ್ಕ, ಖಾದಿಯವರು ಎಡಕ್ಕ."

"ನಡುವ ಇದ್ದವರು?"

"ನಡುವ ಇದ್ದವರು ಎಲ್ಲಿ ಸಾಯ್ತಾರವ್ವ? ಎರಡೂ ಕಡಿ ಉಂಡು ಗಟ್ಟಿ ಆಗ್ಯಾರ."

ರಂಗೂನಿನ ಬಂದರಿನಲ್ಲಿ ನಾನು ದಾರಿ ತಪ್ಪಿದವಳಲ್ಲ. ಮುಂಬಯಿಯಲ್ಲಿ, ನಾಗಪುರದಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುತ್ತ ಗಲ್ಲಿಗಲ್ಲಿ ತಿರುಗಿದವಳು. ಹುಟ್ಟಿದ ಸೀಮೆಗೆ ಕಾಲಿಟ್ಟರೆ ಮಾತ್ರ ಹೀಗೇ ಆಗುತ್ತದೆ. ಕೇಳುವುದು ಒಂದು, ಸಿಕ್ಕುವುದು ಇನ್ನೊಂದು. ಕೊನೆಗೆ ಗೊಂದಲಕ್ಕೆಲ್ಲ ನಾನೇ ಕಾರಣ ಅಂತ ಎಲ್ಲರೂ ಒಪ್ಪಿಕೊಂಡಿರುತ್ತಾರೆ.

ಈ ಸಲದ ಕಾರಣ ನಮ್ಮವ್ವ. ಫೌಜು ಬಂದು ಹಳೇ ಸರ್ಕಾರವನ್ನು ಇಳಿಸಿದ ಪೊಲೀಸ್ ಆಕ್ಷನ್ನಿನ ಹೊತ್ತಿಗೆ ನಾನು ನಾಗಪುರದಲ್ಲಿದ್ದೆ. ರೈಲು ನಿಂತಿತು, ಟಪಾಲು ನಿಂತಿತು. ರಾಯಚೂರಿನಲ್ಲಿದ್ದ ಅವ್ವ, ಮಗಳು ಕೈತಪ್ಪಿ ಹೋದಳು ಅಂದುಕೊಂಡಳು. ಮೂಡಲ ಸೀಮೆಯಿಂದ ಬಂದಿದ್ದ ಮೊಸರು ಮಾರುವವಳೊಬ್ಬಳು, "ನಮ್ಮ ಕಡಿ ಲೀಡರೊಬ್ಬರು ಸತ್ತು ಸಮಾಧಿ ಆಗ್ಯಾರ, ಕಳದದ್ದನ್ನ ತಂದು ಕೊಡ್ತಾರ" ಅಂದಳಂತೆ. ಅವ್ವ ನಿಂತ ಕಾಲಲ್ಲೇ ಹರಕೆ ಹೊತ್ತಳು: ಮಗಳು ಮನೆಗೆ ಬಂದರೆ ಅವಳ ಕೈಯಿಂದ ಲೀಡರಿಗೆ ಕಂಬಳಿ ಹೊದಿಸುತ್ತೇನೆ, ಅಲ್ಲಿಯ ತನಕ ಅನ್ನ ಮುಟ್ಟುವುದಿಲ್ಲ.

ಟಪಾಲು ಶುರುವಾದ ಕೂಡಲೇ ನಾನು ಕಾಗದ ಹಾಕಿದೆ. ಮನೆಗೆ ಬಂದದ್ದು ಮಾತ್ರ ಮೊದಲ ಚುನಾವಣೆ ಮುಗಿದ ಮೇಲೆ. ನೋಡಿದರೆ ಅವ್ವನ ಬಾಯಲ್ಲಿ ಮೂರು ಹಲ್ಲು, ತಾಟಿನಲ್ಲಿ ಜೋಳದ ರೊಟ್ಟಿ.

"ನಾ ಬದುಕೀನಂತ ಕಾಗದ ಬಂದಿತ್ತಲ್ಲವ್ವಾ. ಅನ್ನ ಉಣ್ಣಬಾರದೇನು?"

"ನೀ ಬರಬೇಕಂತ ಹರಕಿ ಹೊತ್ತೀನಿ. ಕಾಗದ ಬರಲಂತ ಹೊತ್ತಿಲ್ಲ."

ಮೆತ್ತಗಿನ ಅನ್ನ ಕೊಡದಿದ್ದರೆ ಮುದುಕಿ ಮಳೆಗಾಲ ಕಾಣುವುದಿಲ್ಲ ಅಂತ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ರೊಟ್ಟಿ ನೆನೆಸಿ ಕೊಟ್ಟರೆ ಅವ್ವ "ಇದೇನು, ದನದ ಮುಸುರಿ" ಅಂತ ಆಚೆ ದೂಡುತ್ತಿದ್ದಳು. ಸರಿ, ಕಂಬಳಿ ಕೊಂಡೆ.

"ಲೀಡರ ಹೆಸರೇನವ್ವಾ?"

"ಲೀಡರಂದ್ರ ಲೀಡರು. ಹೆಸರು ಯಾಕ ಬೇಕು?"

"ಊರಾದ್ರೂ?"

"ನಾರಾಯಣಪೇಟಿ, ಮಕ್ತಲ, ಗದ್ವಾಲ, ಈ ಮೂರರಾಗ ಎಲ್ಲೋ ಒಂದು ಕಡಿ. ಮಗ್ಗಲಕ್ಕ ಬೇವಿನ ಗಿಡ ಐತಂತ."

ಆ ಸೀಮೆಯಲ್ಲಿ ಬೇವಿನ ಗಿಡ ಇಲ್ಲದ ಜಾಗ ಹೇಳಿದ್ದರೆ ಹುಡುಕುವುದು ಎಷ್ಟೋ ಸುಲಭವಾಗುತ್ತಿತ್ತು.

೧. ಎಡಕ್ಕೆ ಹೋದದ್ದು

ಎಡಕ್ಕೆ ಹೋದೆವು. ಸುಣ್ಣ ಬಳಿದ ಎತ್ತರದ ಕಟ್ಟೆ, ಮೇಲೆ ಬಾವುಟ, ಮಗ್ಗುಲಿಗೆ ಬೇವಿನ ಗಿಡ. ಖಾದಿ ಟೊಪ್ಪಿಗೆಯ ಯಜಮಾನರೊಬ್ಬರು ಕಟ್ಟೆ ಗುಡಿಸುತ್ತಿದ್ದರು.

"ಲೀಡರ ಸಮಾಧಿ ಇದೇ ಏನ್ರಿ?"

"ಇದೇ. ಚಪ್ಪಲಿ ಬಿಟ್ಟು ಬರ್ರಿ."

ಇಷ್ಟು ಬೇಗ ಕೆಲಸ ಮುಗಿಯಿತಲ್ಲ ಅಂತ ಖುಷಿಯಿಂದ ಕಂಬಳಿ ಬಿಡಿಸಿದೆ. ಹಿಂದಿನಿಂದ ಹೆಂಗಸಿನ ದನಿ ಕೇಳಿಸಿತು. "ಯಾರಿಗೆ ಹೊದಸ್ತೀಯವ್ವ? ಅದರಾಗ ಅವರಿಲ್ಲ."

ಲೀಡರ ಹೆಂಡತಿ. ಕೆಂಪು ಸೀರೆ ಉಟ್ಟ ಮಡಿ ಹೆಂಗಸು. ಅವರ ಮನೆತನದಲ್ಲಿ ಹೂಳುವುದಿಲ್ಲ, ಸುಡುತ್ತಾರೆ. ಬೂದಿ ಆಗಲೇ ಕೃಷ್ಣೆಯಲ್ಲಿ ಹೋಗಿತ್ತು.

ಯಜಮಾನರು ಮುಖ ಸಣ್ಣ ಮಾಡಿದರು. "ಒಳಗ ಏನೂ ಇಲ್ಲದ ಕಟ್ಟಿಗೆ ಹೆಂಗ ಕೈ ಮುಗೀಬೇಕ್ರಿ? ಮಂದಿ ಒಪ್ಪಲಿಲ್ಲ. ಅದಕ್ಕ ಅವರ ಚರಕಾ ಹುಗದೀವಿ."

"ಅವರ ಚರಕಾ! ನನ್ನ ಚರಕಾ ಅದು. ಅವರು ಒಂದು ಎಳಿ ನೂತವರಲ್ಲ. ಫೋಟೋ ತಗ್ಯಾಕ ಯಾರಾದ್ರೂ ಬಂದ್ರ ನನ್ನ ಎಬ್ಬಿಸಿ ಅವರು ಕುಂದರ್ತಿದ್ರು. ಅಗದು ಕೊಡ್ರಿ ಅಂತ ಕೇಳಿ ಕೇಳಿ ಸಾಕಾತು."

"ಈಗ ಅಗದರ ಲೋಕಕ್ಕೆಲ್ಲ ಗೊತ್ತಾಗ್ತದ, ಅವ್ವಾರ."

"ಹಂಗಾದ್ರ ಹಲಗಿ ಮ್ಯಾಲ ಬರೀರಿ. ಒಳಗಿರೋದು ಹೆಂಡತಿ ದುಡಿಮಿ, ಹೊರಗಿರೋದು ಗಂಡನ ಹೆಸರು ಅಂತ."

ನಮ್ಮ ಗಾಡಿಯವ ಎತ್ತಿನ ಹಗ್ಗ ಸಡಿಲಿಸುತ್ತ ತನ್ನಷ್ಟಕ್ಕೆ ಅಂದ: "ಆ ಹಲಗಿ ಎಲ್ಲಾ ಮನಿಗೂ ಹಾಕಬಹುದು."

೨. ಬಲಕ್ಕೆ ಹೋದದ್ದು

ಹಾಗಾದರೆ ಬಲಕ್ಕೆ. ನಾರಾಯಣಪೇಟೆಯಲ್ಲಿ ನೇಕಾರರ ಕೇರಿ ದಾಟಿದ ಮೇಲೆ ಒಂದು ಗೋರಿ ಸಿಕ್ಕಿತು. ಬೇವಿನ ಗಿಡ ಇತ್ತು, ಸಾಂಬ್ರಾಣಿ ಹೊಗೆ ಇತ್ತು. ಗೋರಿಗೆ ಹಸಿರು ಬಟ್ಟೆ ಹೊದಿಸಿತ್ತು, ತಲೆಯ ಕಡೆ ಮೂರು ಬಣ್ಣದ ಬಾವುಟ ನೆಟ್ಟಿತ್ತು. ಅದನ್ನು ನೋಡಿಕೊಳ್ಳುವ ಸಾಹೇಬರು ಕಣ್ಣಿಗೆ ಸುರಮಾ ಹಚ್ಚಿಕೊಂಡು ನೆರಳಲ್ಲಿ ಕೂತಿದ್ದರು.

"ಸಾಹೇಬ್ರ, ಇವರು ಲೀಡರೇನ್ರಿ?"

"ಜೀ ಹಾಂ, ಭಾಳ ದೊಡ್ಡ ಲೀಡರ."

"ಯಾವ ಕಡಿಯವರು?"

"ಯಾರು ಕೇಳಾಕ ಬಂದಾರ ಅನ್ನೋದರ ಮ್ಯಾಲ ಐತಮ್ಮಾ."

ನಾನು ಅಲ್ಲೇ ಕೂತೆ. ಸಾಹೇಬರು ಹೇಳಿದರು. ಹಳೇ ಸರ್ಕಾರದ ರಜಾಕಾರರ ಕಾಲದಲ್ಲಿ ಕೆಲವರು ಬಂದು ಯಾರದಿದು ಅಂತ ಗದರಿಸಿದರಂತೆ. "ಸರ್ಕಾರದ ನಂಬಿಗಸ್ಥ ಲೀಡರ" ಅಂದರು ಸಾಹೇಬರು. ಬಂದವರು ಸಲಾಂ ಮಾಡಿ ಹೋದರು. ಆಕ್ಷನ್ ಆಯಿತು. ಇನ್ನೊಂದು ಗುಂಪು ಕೋಲು ಹಿಡಿದು ಬಂದು ಯಾರದಿದು ಅಂತ ಗದರಿಸಿತು. "ಖಾದಿ ಉಟ್ಟು ಜೇಲಿಗೆ ಹೋಗಿದ್ದ ಲೀಡರ" ಅಂದರು. ಅವರೂ ಕೈ ಮುಗಿದು ಹೋದರು. ಬಾವುಟ ಆವತ್ತಿನದು.

"ಖರೇ ಹೇಳ್ರಿ ಸಾಹೇಬ್ರ, ಒಳಗ ಯಾರದಾರ?"

ಅವರು ಎರಡೂ ಕಡೆ ನೋಡಿ ದನಿ ತಗ್ಗಿಸಿದರು. "ನಮ್ಮ ಅಬ್ಬಾ. ಅತ್ತರ ಮಾರತಿದ್ದ. ಇರೋ ತನಕ ನೀ ಯಾವ ಕಡಿ ಅಂತ ಅವನ್ನ ಯಾರೂ ಕೇಳಲಿಲ್ಲ. ಮಲಗಿದ ಮ್ಯಾಲ ಕೇಳಾಕ ಹತ್ಯಾರ."

ನಾನು ಕಂಬಳಿ ಎತ್ತಿಕೊಂಡೆ. ಅವರು ಅದನ್ನೇ ದಿಟ್ಟಿಸಿದರು. "ನೀವು ಯಾವ ಕಡಿಯವರಮ್ಮಾ? ಕಂಬಳಿ ಪಾರ್ಟಿ ಅಂತ ಹೊಸಾದು ಬಂದೈತೇನು? ಬಾವುಟ ಇದ್ರ ಕೊಟ್ಟು ಹೋಗ್ರಿ, ಕಟ್ಟಿರ್ತೀನಿ."

೩. ಕುಂತಾತ, ಮಲಗಿದಾತ

ದಾಮರಗಿದ್ದದ ಕಡೆ ಎರಡು ಸಮಾಧಿ ಅದಾವ, ಎರಡೂ ಲೀಡರವೇ ಅಂತ ಯಾರೋ ಹೇಳಿದರು. ಒಂದು ತಪ್ಪಿದರೆ ಇನ್ನೊಂದು ಆದೀತು ಅಂತ ಹೋದೆವು. ಊರು ಇನ್ನೂ ದೂರ ಇರುವಾಗಲೇ ಎತ್ತುಗಳು ನಿಂತವು. ಗಾಡಿದಾರಿಗೆ ಅಡ್ಡಲಾಗಿ ಒಂದು ಸಮಾಧಿ ಮಲಗಿತ್ತು.

ಅದರ ಕಥೆ ಹೀಗೆ. ಹುಟ್ಟಿದಾಗಿನಿಂದ ಜಗಳಾಡಿದ ಇಬ್ಬರು ಲೀಡರನ್ನು ದಾರಿಯ ಆಚೆಗೊಬ್ಬ, ಈಚೆಗೊಬ್ಬ ಅಂತ ಹೂತಿದ್ದರು. ಒಬ್ಬರ ಮನೆತನದಲ್ಲಿ ಕೂರಿಸಿ ಹೂಳುವ ಪದ್ಧತಿ, ಇನ್ನೊಬ್ಬರದರಲ್ಲಿ ಮಲಗಿಸಿ. ಕುಂತಾತನ ಕಡೆಯವರು, ಕುಂತ ಮನುಷ್ಯಾಗ ತಲಿ ಎತ್ತರ ಇರಬೇಕು ಅಂತ ಕಲ್ಲಿನ ಮೇಲೆ ಕಲ್ಲು ಏರಿಸಿದರು. ಮಲಗಿದಾತನ ಕಡೆಯವರು ಸುಮ್ಮನಿರುತ್ತಾರೆಯೇ? ಮಲಗಿದಾತಗ ಎತ್ತರ ಯಾಕ, ಕಾಲು ಚಾಚಾಕ ಜಾಗ ಬೇಕು ಅಂತ ಉದ್ದಕ್ಕೆ ಕಟ್ಟಿದರು. ಅವರು ಏರಿಸಿದರು, ಇವರು ಚಾಚಿದರು. ಲೀಡರ ಕಾಲು ದಾರಿ ದಾಟಿ ಆಚೆ ಹೊಲಕ್ಕೆ ತಾಗಿತ್ತು.

ಕಂಬಳಿ ಕಂಡದ್ದೇ ಎರಡೂ ಕಡೆಯವರು ಓಡಿ ಬಂದರು.

"ಇದು ನಮ್ಮ ಲೀಡರಿಗೆ ಬಂದದ್ದು!"

"ಕುಂತಾತಗ ಕಂಬಳಿ ಯಾಕಲೇ? ಮಲಗಿದಾತಗ ಹೊದಿಕಿ ಬೇಕು!"

ಆ ತುದಿ ಅವರು, ಈ ತುದಿ ಇವರು ಎಳೆದರು. ನಡುವೆ ನಾನು. ನೀರಿನ ಕೊಡ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನಿಂತು ಕೇಳಿದಳು. "ಕಳದದ್ದು ಸಿಕ್ಕ ಹರಕಿ ಏನವ್ವ? ಕಂಬಳಿ ಹೊದಸೋದು ಹೊಳಿ ಆಚಿ, ಧರೂರು ಕಡಿ ಲೀಡರಿಗೆ. ನಮ್ಮಣ್ಣನ ಎಮ್ಮಿ ಅಲ್ಲೇ ಬೇಡಿಕೊಂಡ ಮ್ಯಾಲ ಸಿಕ್ಕಿತು. ಇವರಿಬ್ಬರೂ ಇದ್ದದ್ದನ್ನ ಕಳದವರು."

ಕಂಬಳಿ ಕಿತ್ತುಕೊಂಡು ಗಾಡಿ ಹತ್ತಿದೆ. ಮುಂದೆ ಸಮಾಧಿ, ಎರಡೂ ಕಡೆ ಮುಳ್ಳುಬೇಲಿ.

"ಗಾಡಿ ಹೆಂಗ ಹೋಗಬೇಕವ್ವ ಈಗ?" ಗಾಡಿಯವ ಕೇಳಿದ.

"ಸುತ್ತು ಹಾಕಿ ಹೋಗ್ರಿ," ಅಂದಳು ಕೊಡದವಳು. "ಅವರು ಜೀವಂತ ಇದ್ದಾಗನೂ ಊರವರು ಸುತ್ತು ಹಾಕೇ ಹೋಗ್ತಿದ್ರು."

೪. ಹೊಳೆಯಾಚೆಯ ಲೀಡರು

ಹೊಳೆಯ ದಡದಲ್ಲಿ ಗಾಡಿ ಬಿಟ್ಟೆವು. ಗಾಡಿಯವನಿಗೆ ಈಗ ನನಗಿಂತ ಹೆಚ್ಚಿನ ಕುತೂಹಲ. ಅವನೂ ಬಂದ. ಹರಿಗೋಲಿನವ "ಕೂರ್ಚೋಂಡಮ್ಮಾ, ಪೋದಾಂ" ಅಂತ ತೆಲುಗಿನಲ್ಲಿ ಕೂರಿಸಿಕೊಂಡು ಹೊರಟ. ಕಂಬಳಿ ಕಂಡಿದ್ದರಿಂದ ಎಲ್ಲಿಗೆ ಅಂತ ಕೇಳಲೂ ಇಲ್ಲ. ಅದೇ ಶುಭಶಕುನ ಅಂದುಕೊಂಡೆ.

ಧರೂರಿನ ಹತ್ತಿರ, ಒಂದು ಹೊಲದ ಬದುವಿನಲ್ಲಿ, ಬೇವಿನ ನೆರಳಲ್ಲಿ ಸಾರಿಸಿದ ಮಣ್ಣಿನ ಸಮಾಧಿ ಇತ್ತು. ಮೇಲೆ ಕುಂಕುಮ, ಮಗ್ಗುಲಲ್ಲಿ ಮಡಿಸಿಟ್ಟ ಕಂಬಳಿಗಳು. ವಯಸ್ಸಾದ ಗಟ್ಟಿ ಹೆಂಗಸೊಬ್ಬಳು ಬಂದವರನ್ನು ವಿಚಾರಿಸುತ್ತಿದ್ದಳು. ಸಮಾಧಿಯ ಕಾಲ ಕಡೆ ಖಾದಿ ಅಂಗಿಯ ಮುದುಕರೊಬ್ಬರು ಮುಖ ಹುಳಿ ಮಾಡಿಕೊಂಡು ಶೇಂಗಾ ಸುಲಿಯುತ್ತಿದ್ದರು.

"ಬಾರವ್ವ. ಏನು ಕಳದಿತ್ತು? ಎಮ್ಮಿಯೋ, ಬಂಗಾರವೋ?"

"ನಾನೇ ಕಳದಿದ್ದೆ."

"ಸಿಕ್ಕೀಯೇನು?"

"ಸಿಕ್ಕೀನಿ."

"ಛಲೋ ಆತು. ಹೊದಸು."

ಇಷ್ಟು ತಿರುಗಿದ ಮೇಲೆ ಒಂದು ಮಾತು ಕೇಳದೆ ಹೊದಿಸುವ ಧೈರ್ಯ ನನಗಿರಲಿಲ್ಲ. "ಲೀಡರು ಯಾವಾಗ ತೀರಿಕೊಂಡ್ರು?"

"ಇನ್ನೂ ತೀರಿಕೊಂಡಿಲ್ಲ," ಅಂದರು ಶೇಂಗಾ ಸುಲಿಯುತ್ತಿದ್ದವರು. "ನಾನೇ ಲೀಡರ."

ಗಾಡಿಯವ ಎರಡು ಹೆಜ್ಜೆ ಹಿಂದೆ ಸರಿದ. ಲೀಡರು ಮಾತ್ರ ಸಿಟ್ಟಿನಿಂದ ವಿವರಿಸಿದರು. ರಜಾಕಾರರು ಹುಡುಕಿಕೊಂಡು ಬರುತ್ತಾರೆಂದು ಸುದ್ದಿ ಬಂದಾಗ, ಹೆಂಡತಿ, ಆ ಗಟ್ಟಿ ಹೆಂಗಸೇ, ಇವರನ್ನು ನೆಲದೊಳಗಿನ ಹಗೇವಿಗೆ, ಅಂದರೆ ಜೋಳ ತುಂಬಿಡುವ ಕುಳಿಗೆ ಇಳಿಸಿ ಬಾಯಿ ಮುಚ್ಚಿದಳು. ಬೇವಿನ ಕೆಳಗೆ ಮಣ್ಣು ಗುಡ್ಡೆ ಹಾಕಿ, ಬಳೆ ಒಡೆದುಕೊಂಡು, ಕಾಲರಾದಿಂದ ಹೋದರು ಅಂತ ಅತ್ತಳು. ಬಂದವರು ನಂಬಿ ಹೋದರು.

"ಹೆಂಗ ಅತ್ತಾಳ ಅಂತೀರಿ! ಹಗೇವಿನಾಗ ಕುಂತ ನನಗ ಕಣ್ಣೀರು ಬಂತು. ಪಾಪ, ಎಂಥಾ ಮನಶ್ಯಾ ಹೋದ ಅಂತ."

ಅದೇ ವಾರ ನೆರೆಯವನ ಕಳೆದ ಎತ್ತು ಮಣ್ಣಿನ ಗುಡ್ಡೆಯ ಹತ್ತಿರ ಬಂದು ನಿಂತಿತು. ಅಲ್ಲಿಂದ ಹರಕೆ ಶುರು. ಆಕ್ಷನ್ ಮುಗಿದು ಇವರು ಹಗೇವಿನಿಂದ ಎದ್ದು ಬಂದರೆ ಊರಿಗೆ ಸಂತೋಷವೇ ಆಗಲಿಲ್ಲ. ಗುಡ್ಡೆ ಕೆಡವುತ್ತೇನೆ ಅಂದರೆ ಹಿರಿಯರು, "ನಿಮ್ಮನ್ನ ಕೇಳಿ ಹರಕಿ ಹೊತ್ತೀವೇನು?" ಅಂದರು. ಲೀಡರು ಚುನಾವಣೆಗೆ ನಿಂತರು. ಸೋತರು.

"ಹೆಂಗ ಸೋತ್ರಿ?" ಗಾಡಿಯವ ದೂರದಿಂದಲೇ ಕೇಳಿದ.

"ನನ್ನ ಎದುರು ನಿಂತಾತ ನನ್ನ ಸಮಾಧಿಗೇ ಕಾಯಿ ಒಡದು ಗೆದ್ದ."

"ಅದಕ್ಕೇ ಹೇಳೋದು, ಇದರಾಗ ಶಕ್ತಿ ಐತಿ," ಅಂದಳು ಹೆಂಡತಿ.

ನಾನು ಕಂಬಳಿಯ ಮೇಲೇ ಕೂತೆ. ಮಣ್ಣಿಗೆ ಹೊದಿಸಿ ಹೋದರೆ ಅವ್ವ ಮೊದಲು ಕೇಳುವುದೇ, "ಲೀಡರಿಗೆ ಹೊದಸಿದಿಯೇನು?" ಅಂತ. ಲೀಡರಿಗೆ ಹೊದಿಸಿ ಹೋದರೆ, "ಸಮಾಧಿಗೆ ಹೊದಸಿದಿಯೇನು?" ಅನ್ನುತ್ತಾಳೆ. ಅವಳ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ನಮ್ಮ ವಂಶದಲ್ಲಿ ಯಾರೂ ಇಲ್ಲ. ಅಷ್ಟರಲ್ಲಿ ಮಳೆಗಾಲ ಬಂದೇಬಿಡುತ್ತದೆ. ಎಲ್ಲವನ್ನೂ ಹೇಳಿಕೊಂಡೆ. ಅನ್ನ, ರೊಟ್ಟಿ, ಮೂರು ಹಲ್ಲು, ಡಾಕ್ಟರು ಅಂದದ್ದು.

ಗಾಡಿಯವ ಗಂಟಲು ಸರಿಮಾಡಿಕೊಂಡ. "ಯಜಮಾನ್ರ ವಯಸ್ಸೆಷ್ಟ್ರಿ?"

"ಇನ್ನೂ ಗಟ್ಟಿ ಅದೀನಿ," ಲೀಡರು ಗದರಿದರು.

ಆಮೇಲೆ ಶೇಂಗಾದ ಮೊರ ಕೆಳಗಿಟ್ಟರು.

"ಆಕ್ಷನ್ ಆದಾಗಿಂದ ಅನ್ನ ಉಂಡಿಲ್ಲೇನು ನಿಮ್ಮವ್ವ?"

"ಇಲ್ರಿ."

"ನನ್ನ ಸಂಬಂಧ?"

"ನಿಮ್ಮ ಸಂಬಂಧ."

ಅವರು ಮೊಣಕಾಲಿಗೆ ಕೈಯೂರಿ ಎದ್ದರು. ಟೊಪ್ಪಿಗೆ ತೆಗೆದು ಹೆಂಡತಿಯ ಕೈಗೆ ಕೊಟ್ಟರು. ಸಮಾಧಿ ಹತ್ತಿ, ಕುಂಕುಮದ ಮೇಲೇ ಅಂಗಾತ ಮಲಗಿ ಕಣ್ಣು ಮುಚ್ಚಿದರು.

"ಹೊದಸ್ರಿ. ಲೀಡರೂ ಆತು, ಸಮಾಧಿನೂ ಆತು."

ನಡುಮಧ್ಯಾಹ್ನ. ಬೇವಿನ ಎಲೆ ಅಲುಗುತ್ತಿರಲಿಲ್ಲ. ನಾನು ಕರಿ ಕಂಬಳಿ ಬಿಡಿಸಿ ತಲೆಯಿಂದ ಹೊದಿಸುತ್ತ ಬಂದೆ. ಹೆಂಡತಿ ಕರ್ಪೂರ ಹಚ್ಚಿ, "ಅಳ್ಳಾಡಬ್ಯಾಡ್ರಿ, ಕಿಡಿ ಬೀಳ್ತದ" ಅಂತ ಬೈದಳು. ಎಮ್ಮೆ ಸಿಕ್ಕ ಹರಕೆಗೆ ಬಂದಿದ್ದ ದಂಪತಿ ಏನೂ ಅರ್ಥವಾಗದೆ ಕೈ ಮುಗಿದು ನಿಂತರು.

ಕಂಬಳಿಯ ಒಳಗಿನಿಂದ ದನಿ ಬಂತು. "ನಿಮ್ಮವ್ವಗ ಹೇಳ್ರಿ. ಲೀಡರು ಖುದ್ದ ಹೇಳ್ಯಾರ, ಇನ್ನ ಮ್ಯಾಲ ಅನ್ನ ಉಣ್ಣಬೇಕಂತ."

"ಹೇಳ್ತೀನ್ರಿ."

ಕರ್ಪೂರ ಉರಿದು ಆರಿತು.

"ಆಕಿ ಓಟು ಯಾವ ಊರಾಗೈತಿ?"

"ರಾಯಚೂರಾಗ್ರಿ."

ಕಂಬಳಿ ಒಮ್ಮೆ ಉಬ್ಬಿ ಇಳಿಯಿತು. "ಹೋಗ್ಲಿ ಬಿಡ್ರಿ. ಆದ್ರೂ ಉಣ್ಣಲಿ."

ನಾನು ತುದಿ ಎಳೆದು ಅವರ ಪಾದವನ್ನೂ ಮುಚ್ಚಿದೆ. ಹರಕೆ ತೀರಿತು.