ದಾಖಲೆ ಕೊಠಡಿಯ ಬೆಕ್ಕಿಗೆ ಎರಡೂವರೆ ಯೂನಿಟ್ ಅಳೆಯುವ ಬಗ್ಗೆ

ಸುತ್ತೋಲೆ ಸಂಖ್ಯೆ: ದಾಕೊ/ಬೆಕ್ಕು/2½

ವಿಷಯ: ಮಧುಮೇಹವುಳ್ಳ ಬೆಕ್ಕಿಗೆ ಸಿರಿಂಜಿನ ಆಯ್ಕೆ ಹಾಗೂ ಅಲ್ಪ ಪ್ರಮಾಣದ ಇನ್ಸುಲಿನ್ ಅಳತೆ ಕುರಿತು.

ಉಲ್ಲೇಖ: 1. ಪಶುವೈದ್ಯರ ಚೀಟಿ (ಅಂಚು ಕಚ್ಚಲ್ಪಟ್ಟಿದೆ).
2. ಭಿನ್ನಾಂಕಗಳನ್ನು ಪೂರ್ಣಾಂಕಗೊಳಿಸುವ ಸ್ಥಾಯಿ ಆದೇಶ.

ಕಳೆದ ಮಂಗಳವಾರ ಬೆಳಿಗ್ಗೆ 8.10ಕ್ಕೆ, ದಾಖಲೆ ಕೊಠಡಿಯಲ್ಲಿ ಇಲಿ ನಿಯಂತ್ರಣದ ಕರ್ತವ್ಯದಲ್ಲಿರುವ, ಸಿಬ್ಬಂದಿಯಿಂದ 'ದೊಡ್ಡ ಸಾಹೇಬ್ರು' ಎಂದು ಕರೆಯಲ್ಪಡುವ ಬೂದು ಬೆಕ್ಕು ಊಟ ಮುಗಿಸಿತು. 8.15ಕ್ಕೆ, ಪಶುವೈದ್ಯರು ಬರೆದುಕೊಟ್ಟ ಎರಡೂವರೆ ಯೂನಿಟ್ಟನ್ನು ಗುಮಾಸ್ತರು ಸ್ಥಾಯಿ ಆದೇಶದನ್ವಯ ಮೂರಕ್ಕೆ ಏರಿಸಿದರು. 8.20ಕ್ಕೆ ಸೂಪರಿಂಟೆಂಡೆಂಟರು, ಮೇಲಿನ ಹಂತದಲ್ಲಿ ಅಂಕಿಗಳು ಐದರ ಗುಣಿತದಲ್ಲಿರಬೇಕೆಂಬ ಅದೇ ಆದೇಶದ ಮುಂದಿನ ಕಂಡಿಕೆಯನ್ವಯ, ಮೂರನ್ನು ಐದು ಮಾಡಿ ಸಹಿ ಹಾಕಿದರು. 8.25ಕ್ಕೆ ಐದು ಯೂನಿಟ್ ಚುಚ್ಚಲಾಯಿತು. 11.40ಕ್ಕೆ ಬೆಕ್ಕು ನಿಲ್ಲಲಾರದೆ ಕಡತಗಳ ಮೇಲೆ ಕುಸಿಯಿತು. ಕಸ ಗುಡಿಸುವಾಕೆ ಕೂಡಲೇ ಅದರ ಒಸಡಿಗೆ ಸಕ್ಕರೆ ಪಾಕ ಸವರಿ ವೈದ್ಯರನ್ನು ಕರೆಸಿದ್ದರಿಂದ ಜೀವ ಉಳಿಯಿತು.

'ಎರಡೂವರೆ ಅಂತ ಬರ್ಕೊಟ್ಟಿದ್ದೆ. ಐದು ಎಲ್ಲಿಂದ ಬಂತು?' ಎಂದು ವೈದ್ಯರು ವಿಚಾರಿಸಿದಾಗ, 'ಸರಿಯಾದ ಮಾರ್ಗದಲ್ಲೇ ಬಂದಿದೆ ಡಾಕ್ಟ್ರೇ' ಎಂದು ಸೂಪರಿಂಟೆಂಡೆಂಟರು ಉತ್ತರಿಸಿರುತ್ತಾರೆ. ಇಂಥ ಇನ್ನೊಂದು ಸರಿಯಾದ ಮಾರ್ಗವನ್ನು ಬೆಕ್ಕು ತಾಳಿಕೊಳ್ಳಲಾರದೆಂದು ವೈದ್ಯರು ಲಿಖಿತವಾಗಿ ತಿಳಿಸಿರುವುದರಿಂದ, ಸಂಬಂಧಪಟ್ಟ ಎಲ್ಲರಿಗೂ ಕೆಳಕಂಡಂತೆ ಸೂಚಿಸಲಾಗಿದೆ:

1. ಸದರಿ ಬೆಕ್ಕಿಗೆ ಪೂರ್ಣಾಂಕಗೊಳಿಸುವಿಕೆಯಿಂದ ಶಾಶ್ವತ ವಿನಾಯಿತಿ ನೀಡಲಾಗಿದೆ. ಅರ್ಧ ಯೂನಿಟ್ಟನ್ನು ಅರ್ಧವೆಂದೇ ಗೌರವಿಸತಕ್ಕದ್ದು.

2. ಔಷಧದ ಸೀಸೆಯ ಮೇಲೆ 40 (ಅಂದರೆ ಒಂದು ಮಿ.ಲೀ.ಗೆ 40 ಯೂನಿಟ್) ಎಂದಿದ್ದರೆ ಸಿರಿಂಜಿನ ಮೇಲೂ 40 ಎಂದೇ ಇರತಕ್ಕದ್ದು ಮತ್ತು ಅದರಲ್ಲಿ ಅರ್ಧ ಯೂನಿಟ್ಟಿನ ಗೆರೆಗಳಿರತಕ್ಕದ್ದು. 'ನೂರರದ್ರಲ್ಲಿ ಗೆರೆ ಜಾಸ್ತಿ ಇದೆ ಸಾರ್, ಒಳ್ಳೇದೇ ಅಲ್ವಾ' ಎಂಬ ಉಗ್ರಾಣ ಪಾಲಕರ ಟಿಪ್ಪಣಿಯನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ.

3. ಗೆರೆಯನ್ನು ಕಣ್ಣಿನ ಮಟ್ಟದಲ್ಲಿ ಓದತಕ್ಕದ್ದು. ಹುದ್ದೆಯ ಮಟ್ಟದಲ್ಲಿ ಅಲ್ಲ.

4. ಸಿರಿಂಜಿನೊಳಗಿನ ಗಾಳಿಗುಳ್ಳೆಯನ್ನು ಇನ್ಸುಲಿನ್ ಎಂದು ಲೆಕ್ಕ ಹಿಡಿಯತಕ್ಕದ್ದಲ್ಲ. ಗುಳ್ಳೆ ಮೇಲೇರುವವರೆಗೆ ಬೆರಳಿನಿಂದ ಮೆಲ್ಲಗೆ ತಟ್ಟಿ ಹೊರತಳ್ಳತಕ್ಕದ್ದು. ತಟ್ಟಬೇಕಾದದ್ದು ಸಿರಿಂಜನ್ನು.

5. ಬೆಕ್ಕು ಊಟ ಬಿಟ್ಟಲ್ಲಿ ಚುಚ್ಚದೆ ವೈದ್ಯರನ್ನು ಕೇಳತಕ್ಕದ್ದು. ಅದರ ಪರವಾಗಿ ಗುಮಾಸ್ತರು ಉಂಡಿದ್ದರೆ ಅದನ್ನು ಬೆಕ್ಕಿನ ಊಟವೆಂದು ಪರಿಗಣಿಸಲಾಗುವುದಿಲ್ಲ.

6. ತಪ್ಪಿಹೋದ ಡೋಸನ್ನು ಗಳಿಕೆ ರಜೆಯಂತೆ ಕೂಡಿಟ್ಟು ಮುಂದಿನ ಹೊತ್ತಿಗೆ ಸೇರಿಸುವಂತಿಲ್ಲ.

7. ಒಬ್ಬರು ಅಳೆಯತಕ್ಕದ್ದು, ಇನ್ನೊಬ್ಬರು ನೋಡತಕ್ಕದ್ದು. ಬಾಗಿಲಲ್ಲಿ ನಿಂತು 'ಇನ್ನೊಂದ್ ಚೂರು ಹಾಕ್ರೀ' ಎನ್ನುವ ಮೂರನೆಯವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು.

8. ಡೋಸು ತಲುಪಿದ್ದಕ್ಕೆ ಬೆಕ್ಕಿನ ಸಹಿ ಪಡೆಯುವ ಅಗತ್ಯವಿರುವುದಿಲ್ಲ. ಸಿಬ್ಬಂದಿಯ ಮುಂಗೈ ಮೇಲಿನ ಗೀರುಗಳನ್ನು ಸ್ವೀಕೃತಿಯೆಂದು ಭಾವಿಸಲಾಗುವುದು. ಗೀರುಗಳನ್ನು ದೃಢೀಕರಿಸಿದ ನಕಲಿನ ರೂಪದಲ್ಲಿ ಸಲ್ಲಿಸುವ ಪ್ರಯತ್ನ ಮಾಡತಕ್ಕದ್ದಲ್ಲ.

9. ಬೆಕ್ಕು ಮೇಜಿನಡಿಯಿಂದ ಹೊರಬರಲು ನಿರಾಕರಿಸಿದಲ್ಲಿ ನೋಟಿಸು ಜಾರಿ ಮಾಡುವಂತಿಲ್ಲ. ಹಿಂದಿನ ಮೂರು ನೋಟಿಸುಗಳ ಮೇಲೆ ಅದು ಮಲಗಿರುವುದನ್ನು ಗಮನಿಸಲಾಗಿದೆ.

(ಸಹಿ/-)
ಪ್ರಭಾರ ಮಾಪನಾಧಿಕಾರಿ
(ಹೆಚ್ಚುವರಿ ಹೊಣೆ: ಬೆಕ್ಕು)

ಪ್ರತಿಗಳು:
1. ಸೂಪರಿಂಟೆಂಡೆಂಟರಿಗೆ, ಓದಿಕೊಳ್ಳಲು.
2. ಗುಮಾಸ್ತರಿಗೆ, ಸೂಪರಿಂಟೆಂಡೆಂಟರು ಓದಿದರೆಂದು ಖಚಿತಪಡಿಸಲು.
3. ಉಗ್ರಾಣ ಪಾಲಕರಿಗೆ, ನೂರರ ಸಿರಿಂಜುಗಳನ್ನು ಹಿಂದಿರುಗಿಸುವ ಸೂಚನೆಯೊಂದಿಗೆ.
4. ಕಸ ಗುಡಿಸುವಾಕೆಗೆ, ವಂದನೆಗಳೊಂದಿಗೆ. ಇನ್ನು ಮುಂದೆ ಅಳೆಯುವವರು ಅವರೇ.
5. ಪಶುವೈದ್ಯರಿಗೆ, ಈ ಮಾಹಿತಿಯೊಂದಿಗೆ: ಇಂದು ಬೆಳಿಗ್ಗೆ ಎರಡೂವರೆ ಯೂನಿಟ್ ನೀಡಲಾಗಿದೆ. 11.40ಕ್ಕೆ ಬೆಕ್ಕು ನಿಂತಿತ್ತು. ರಕ್ತದ ಸಕ್ಕರೆ 143. ಪೂರ್ಣಾಂಕಗೊಳಿಸಿರುವುದಿಲ್ಲ.