ಗಾಲ್ಫ್ ಮೈದಾನವೂ ನನ್ನ ಕ್ಷೌರದ ಕುರ್ಚಿಯೂ

ಊರಿನ ಅಭಿಪ್ರಾಯ ಏನು ಅಂತ ತಿಳ್ಕೊಳ್ಳೋಕೆ ಟಿವಿಯವರು ಮೈಕು ಹಿಡ್ಕೊಂಡು ಬೀದಿ ಬೀದಿ ಅಲೀತಾರೆ. ನನಗೆ ಆ ಕರ್ಮ ಇಲ್ಲ. ವೈಟ್‌ಫೀಲ್ಡ್ ದಾಟಿ ಇನ್ನಷ್ಟು ಮುಂದೆ ಬಂದ್ರೆ ಸಿಗೋ ನಮ್ಮೂರಲ್ಲಿ ನಂದೊಂದು ಕ್ಷೌರದ ಅಂಗಡಿ ಇದೆ. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿದ ತಕ್ಷಣ ಮನುಷ್ಯ ಹೊಟ್ಟೇಲಿರೋದೆಲ್ಲಾ ಕಕ್ಕಿಬಿಡ್ತಾನೆ. ಯಾಕೆ ಅಂತ ಇವತ್ತಿಗೂ ಗೊತ್ತಾಗಿಲ್ಲ. ನಾನು ಮಾತ್ರ ಹೂಂ ಅಂತೀನಿ, ಅಷ್ಟೇ. ಕೈಯಲ್ಲಿ ಕತ್ತಿ ಇರೋನು ವಾದಕ್ಕೆ ಇಳೀಬಾರದು ಅಂತ ನಮ್ಮಪ್ಪ ಹೇಳಿಕೊಟ್ಟಿದ್ದಾನೆ.

ಈಚೆಗೆ ಕುರ್ಚಿಗೆ ಬರೋ ಮಾತೆಲ್ಲ ಒಂದೇ, ಗಾಲ್ಫ್ ರೆಸಾರ್ಟು. ಒಬ್ಬ ದೊಡ್ಡ ಸಾಹುಕಾರ್ರು ಊರಾಚೆಯ ಹೊಲಗಳನ್ನೆಲ್ಲ ಕೊಂಡು, ಸುತ್ತ ಕಾಂಪೌಂಡು ಕಟ್ಟಿ, ಒಳಗೆ ಹುಲ್ಲು ಬೆಳೆಸಿದ್ದಾರೆ. ಒಳ್ಳೇದಾಯ್ತು ಅನ್ನೋರು ಅರ್ಧ ಊರು, ಅನ್ಯಾಯ ಅನ್ನೋರು ಇನ್ನರ್ಧ. ತೊಡಕು ಏನಪ್ಪಾ ಅಂದ್ರೆ, ಊರಿನೋರನ್ನ ಮಣ್ಣು ಮಾಡೋ ಹೊಂಗೆ ತೋಪು ಆ ಹುಲ್ಲಿನಾಚೆ ಉಳ್ಕೊಂಡಿದೆ. ತೋಪನ್ನ ಯಾರೂ ಮಾರಿಲ್ಲ, ಅದು ಊರಿಂದೇ. ಅಲ್ಲಿಗೆ ಹೋಗೋ ದಾರಿ ಮಾತ್ರ ಸಾಹುಕಾರ್ರ ಕಾಂಪೌಂಡಿನ ಒಳಗೆ ಸೇರ್ಕೊಂಡುಬಿಟ್ಟಿದೆ.

ನನ್ನ ಅಂಗಡಿ ಮೆಟ್ಟಿಲ ಪಕ್ಕ ಒಬ್ಬಳು ಅಜ್ಜಿ ಸೊಪ್ಪು ಮಾರ್ತಾಳೆ. ಅವಳ ಗಂಡ ಆ ತೋಪಲ್ಲೇ ಮಲಗಿದ್ದಾನೆ. ಪಕ್ಕದಲ್ಲಿ ಇವಳಿಗೂ ಅಂತ ಒಂದಿಷ್ಟು ಜಾಗ ಬಿಟ್ಟಿದ್ದಾರೆ. ಮಿಕ್ಕೋರಿಗೆಲ್ಲ ಈ ದಾರಿ ಅನ್ನೋದು ಹೊತ್ತು ಕಳೆಯೋ ಮಾತು. ಅವಳಿಗೆ ಮುಂದಿನ ವಿಳಾಸ.

ಸಾಹುಕಾರ್ರ ಸಭೆ

ಕೆಲಸ ಶುರುವಾಗೋಕೆ ಮುಂಚೆ ಸಾಹುಕಾರ್ರು ಶಾಲೆ ಮೈದಾನದಲ್ಲಿ ಶಾಮಿಯಾನ ಹಾಕಿಸಿ ಊರಿನೋರನ್ನ ಕರೆದ್ರು. ಹಿಂದುಗಡೆ ಬಿರಿಯಾನಿ ಬೇಯ್ತಾ ಇತ್ತು. ಪರದೆ ಮೇಲೆ ಹಸಿರು ಹಸಿರಾಗಿ ಚಿತ್ರ ತೋರಿಸಿ, ಬಹಳ ಮೆತ್ತಗೆ ಮಾತಾಡಿದ್ರು. ಒಳ್ಳೆ ಮನುಷ್ಯ ಅಂತಲೇ ಅನ್ನಿಸ್ತು, ಸುಳ್ಳು ಯಾಕೆ ಹೇಳ್ಲಿ.

ಹಾಲಿನ ಡೈರಿಗೆ ಹಾಲು ಹಾಕೋ ಒಬ್ಬ ಹಿರಿಯ ಎದ್ದು ನಿಂತ. "ಇಷ್ಟೊಂದು ಹುಲ್ಲು ಬೆಳೆಸ್ತೀರಲ್ಲ ಸಾರ್, ಎಷ್ಟು ಹಸು ಕಟ್ತೀರ?"

"ಹಸು ಇಲ್ಲ."

"ಮತ್ತೆ ಹುಲ್ಲು ಏನ್ಮಾಡ್ತೀರ?"

"ಬೆಳೀತಿದ್ದ ಹಾಗೆ ಕತ್ತರಿಸ್ತೀವಿ."

"ಕತ್ತರಿಸಿ?"

"ಮತ್ತೆ ಬೆಳೆಸ್ತೀವಿ."

ಹಿರಿಯ ನಿಧಾನಕ್ಕೆ ಕೂತ್ಕೊಂಡು, ಪಕ್ಕದೋನ ಕಿವೀಲಿ, "ಪಾಪ, ಮನೇಲಿ ಬುದ್ಧಿ ಹೇಳೋರು ಯಾರೂ ಇಲ್ಲ ಅಂತ ಕಾಣ್ಸುತ್ತೆ," ಅಂದ. ನನಗೇನೂ ಅದು ವಿಚಿತ್ರ ಅನ್ನಿಸ್ಲಿಲ್ಲ. ಬೆಳೆದಿದ್ದನ್ನ ಕತ್ತರಿಸೋದು, ಮತ್ತೆ ಬೆಳೀಲಿ ಅಂತ ಕಾಯೋದು, ನನ್ನ ಕಸುಬೂ ಅದೇ ತಾನೆ.

ಆಮೇಲೆ ಸೊಪ್ಪಿನ ಅಜ್ಜಿ ಎದ್ದು, "ತೋಪಿಗೆ ದಾರಿ ಬಿಡ್ತೀರಾ ಸಾಮಿ?" ಅಂತ ಕೇಳಿದ್ಲು. ಸಾಹುಕಾರ್ರು ಕೈ ಮುಗಿದು, "ಖಂಡಿತ ಅಮ್ಮ, ಅಲ್ಲೊಂದು ಸಣ್ಣ ಗೇಟು ಇಡಿಸ್ತೀನಿ, ಮಾತು ಕೊಟ್ಟಿದ್ದೀನಿ," ಅಂದ್ರು. ಅಜ್ಜಿಗೆ ಸಮಾಧಾನ ಆಯ್ತು.

ವಿರೋಧ ಮಾಡೋರ ಗುಂಪಿಗೆ ಮಾತ್ರ ಆಗ್ಲಿಲ್ಲ. ಸಭೆಗೆ ಬಹಿಷ್ಕಾರ ಹಾಕಿ ಎದ್ದು ಹೋಗ್ಬೇಕು ಅಂತ ಮೊದಲೇ ತೀರ್ಮಾನ ಮಾಡ್ಕೊಂಡು ಬಂದಿದ್ರು. ಅಷ್ಟೊತ್ತಿಗೆ ಸರಿಯಾಗಿ ಹಿಂದೆ ಹಂಡೆಯ ಮುಚ್ಚಳ ತೆಗೆದ್ರು. ಗುಂಪಿನಲ್ಲಿ ಗುಸುಗುಸು ಶುರುವಾಯ್ತು. ಕೊನೆಗೆ ಬಿರಿಯಾನಿ ತಿಂದು, ಬಾಳೆಹಣ್ಣು ತಿಂದು, ಕೈ ತೊಳ್ಕೊಂಡು, ಸಭೆಗೆ ಬಹಿಷ್ಕಾರ ಹಾಕಿ ಮನೆಗೆ ಹೋದ್ರು.

ಎಡಗೆನ್ನೆ, ಬಲಗೆನ್ನೆ

ಆ ವಿರೋಧದ ಗುಂಪಿನಲ್ಲಿ ಎಲ್ಲರಿಗಿಂತ ಜೋರು ದನಿ ನೀರಿನ ಟ್ಯಾಂಕರ್ ಇಟ್ಟಿರೋ ಒಬ್ಬಂದು. ಒಂದು ದಿನ ಶೇವಿಂಗಿಗೆ ಬಂದು ಕೂತ. ಎಡಗೆನ್ನೆ ಮಾಡೋವರೆಗೂ ಬೆಂಕಿ. "ಊರಿನ ಬೋರ್‌ವೆಲ್ಲೆಲ್ಲ ಬತ್ತಿಹೋಗುತ್ತೆ ಕಣಣ್ಣ. ಕುಡಿಯೋಕೆ ನೀರಿಲ್ಲ, ಇವರಿಗೆ ಹುಲ್ಲಿಗೆ ನೀರು ಬೇಕಂತೆ. ನನ್ನ ಹೆಣದ ಮೇಲೆ ಮಾಡ್ಲಿ," ಅಂದ. ಕೆನ್ನೆ ಅದುರ್ತಾ ಇತ್ತು, ನಾನು ಕತ್ತಿ ಎತ್ತಿ ಹಿಡ್ಕೊಂಡು ಕಾಯ್ಬೇಕಾಯ್ತು.

ಅಷ್ಟರಲ್ಲಿ ಅವನ ಫೋನು ಬಡ್ಕೊಳ್ತು. ಎತ್ತಿ ಕಿವಿಗಿಟ್ಟ. "ಹೂಂ ಸಾರ್. ದಿನಾನಾ ಸಾರ್? ಬೆಳಿಗ್ಗೆ ಸಾಯಂಕಾಲ ಎರಡೂ ಹೊತ್ತಾ? ಆಯ್ತು ಸಾರ್, ಖಂಡಿತ ಸಾರ್." ರೆಸಾರ್ಟಿನೋರು ಅವರ ಹುಲ್ಲಿಗೆ ಇವನ ಟ್ಯಾಂಕರನ್ನೇ ಗೊತ್ತು ಮಾಡಿದ್ರು.

ಫೋನು ಕೆಳಗಿಟ್ಟು ಕನ್ನಡಿ ನೋಡ್ಕೊಂಡ. ನಾನು ಬಲಗೆನ್ನೆಗೆ ನೊರೆ ಹಚ್ಚಿದೆ. "ಅಲ್ಲಾ ಅಣ್ಣ," ಅಂದ, "ಊರು ಅಂದ ಮೇಲೆ ಸ್ವಲ್ಪ ಹಸಿರು ಇರ್ಬೇಕು ಅಲ್ವಾ."

ಹೂಂ ಅಂದೆ. ಒಂದೇ ಮುಖದಲ್ಲಿ ಎರಡು ಪಕ್ಷದೋರಿಗೆ ಶೇವಿಂಗ್ ಮಾಡಿದ್ದು ನನ್ನ ಸರ್ವೀಸಲ್ಲಿ ಅದೇ ಮೊದಲು.

ಕಾಗೆ ಮುಟ್ಟಬೇಕು

ರೆಸಾರ್ಟು ಶುರುವಾಯ್ತು. ಸಾಹುಕಾರ್ರು ಮಾತು ಕೊಟ್ಟ ಹಾಗೆ ಸಣ್ಣ ಗೇಟೂ ಇಟ್ರು. ಮಹಾಲಯ ಅಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಸತ್ತೋರಿಗೆ ಎಡೆ ಇಡ್ತಾರೆ. ಅವರಿಗೆ ಏನೇನು ಇಷ್ಟವಾಗಿತ್ತೋ ಅದನ್ನೆಲ್ಲ ಮಾಡಿ ಎಲೆ ಮೇಲೆ ಬಡಿಸಬೇಕು. ಕಾಗೆ ಬಂದು ಮುಟ್ಟಿದ್ರೆ ಅವರೇ ಬಂದು ಉಂಡ ಹಾಗೆ. ಅಲ್ಲೀವರೆಗೂ ಎಲೆಗೆ ಯಾರೂ ಕೈ ಹಚ್ಚೋ ಹಾಗಿಲ್ಲ.

ಅಜ್ಜಿ ಮುದ್ದೆ, ಮಾಂಸದ ಸಾರು, ಒಂದು ಕಟ್ಟು ಬೀಡಿ, ಎಲ್ಲಾ ಬುಟ್ಟಿಗೆ ಹಾಕ್ಕೊಂಡು ಸಣ್ಣ ಗೇಟಿಗೆ ಹೋದ್ಲು. ಗೇಟಲ್ಲಿದ್ದ ಗಾರ್ಡು ರಾಯಚೂರು ಕಡೆಯೋನು. ಮೊದಲು, "ಆಟ ನಡದೈತಿ ಯವ್ವಾ, ಬಿಡಾಕ ಬರಂಗಿಲ್ಲ," ಅಂದನಂತೆ. ಬುಟ್ಟಿ ನೋಡಿ ಅವನಿಗೇ ಮನಸ್ಸು ತಡೀಲಿಲ್ಲ. "ನಮ್ಮವ್ವನೂ ಇವತ್ತ ಇದ ಮಾಡಿರ್ತಾಳ," ಅಂತ ಬೀಗ ತೆಗೆದ. ಮುಂದಿನದನ್ನ ಅವನೇ ನನ್ನ ಕುರ್ಚೀಲಿ ಕೂತು ಹೇಳಿದ್ದು.

ಅಜ್ಜಿ ಗಂಡನ ಸಮಾಧಿ ಮುಂದೆ ಎಲೆ ಹಾಸಿ, ಬಡಿಸಿ, ಕೈ ಮುಗಿದು ದೂರ ಕೂತಿದ್ದಾಳೆ. ಎಲ್ಲಿಂದಲೋ ಒಂದು ಬಿಳೀ ಚೆಂಡು ಹಾರಿ ಬಂದು, ಮರಕ್ಕೆ ಬಡಿದು, ಸೀದಾ ಎಲೆ ಮೇಲೆ ಮುದ್ದೆ ಪಕ್ಕ ಕೂತ್ಕೊಳ್ತು. ಹಿಂದೇನೇ ಒಬ್ಬ ಮೆಂಬರ್ರು ಬಂದ್ರು. ಯಾವುದೋ ಕಂಪನೀಲಿ ದೊಡ್ಡ ಸಾಹೇಬ್ರು, ಕೈಯಲ್ಲಿ ಕೋಲು, ತಲೆ ಮೇಲೆ ಟೋಪಿ. ಚೆಂಡಿಗೆ ಕೈ ಹಾಕೋಕೆ ಬಗ್ಗಿದ್ರು.

"ಮುಟ್ಬ್ಯಾಡಿ ಸಾಮಿ," ಅಂದ್ಲು ಅಜ್ಜಿ. "ಕಾಗೆ ಮುಟ್ಬೇಕು."

"ಅಜ್ಜಿ, ಅದು ನನ್ನ ಬಾಲು."

"ಯಾರದ್ದಾದ್ರೂ ಆಗ್ಲಿ. ಎಲೆ ಮ್ಯಾಲೆ ಬಿದ್ದ ಮ್ಯಾಲೆ ನಮ್ಮೆಜಮಾನ್ರದ್ದು. ಅವ್ರು ಉಂಡು ಬಿಟ್ಟಿದ್ದು ನಿಮಗೆ."

ಸಾಹೇಬ್ರು ಗಾರ್ಡಿನ ಮುಖ ನೋಡಿದ್ರು. ಗಾರ್ಡು, "ಹೌದ್ರಿ ಸರ, ಮುಟ್ಟಬಾರದ್ರಿ," ಅಂದ. ಏನು ತೋಚಿತೋ, ಸಾಹೇಬ್ರು ಟೋಪಿ ತೆಗೆದು ಮರದ ಕೆಳಗೆ ಕೂತ್ರು. ಹಿಂದೆ ಬಂದ ಇಬ್ಬರು ಗೆಳೆಯರೂ ಕೂತ್ರು. ಕಾಗೆ ಬರೋ ಲಕ್ಷಣ ಇಲ್ಲ. ಹುಲ್ಲಿನ ಮೇಲೆ ಹಕ್ಕಿ ಕೂರಬಾರದು ಅಂತ ರೆಸಾರ್ಟಿನೋರೇ ಪಟಾಕಿ ಹೊಡೆದು ಓಡಿಸ್ತಾರಲ್ಲ, ಎಲ್ಲಿಂದ ಬರ್ಬೇಕು. ಸಾಹೇಬ್ರೇ ಕೊನೆಗೆ ಆಕಾಶ ನೋಡ್ಕೊಂಡು, ಕಾ ಕಾ ಅಂತ ಕೂಗೋಕೆ ಶುರು ಮಾಡಿದ್ರು.

ಬಂತು ಒಂದು ಕಾಗೆ. ಎಲೆ ಸುತ್ತ ಕುಪ್ಪಳಿಸ್ತು. ಮುದ್ದೆ ನೋಡ್ತು, ಸಾರು ನೋಡ್ತು, ಎರಡನ್ನೂ ಬಿಟ್ಟು ಆ ಬಿಳೀ ಚೆಂಡನ್ನ ಕೊಕ್ಕಲ್ಲಿ ಕಚ್ಕೊಂಡು ಹಾರಿಹೋಯ್ತು.

ಅಜ್ಜಿ ಕಣ್ಣೊರೆಸ್ಕೊಂಡು, "ನಮ್ಮೆಜಮಾನ್ರಿಗೆ ಮೊಟ್ಟೆ ಅಂದ್ರೆ ಪ್ರಾಣ. ಈ ಸಲ ನಾನು ಮರ್ತಿದ್ದೆ, ಅವ್ರೇ ಕೇಳಿ ಇಸ್ಕೊಂಡ್ರು," ಅಂದ್ಲು.

ಪಾಳಿ ಧರಣಿ

ಸಾಹೇಬ್ರು ಕಂಪ್ಲೇಂಟು ಕೊಟ್ರು. ರಾಯಚೂರಿನ ಗಾರ್ಡನ್ನ ಎಲ್ಲೋ ಹಿಂದಿನ ಗೇಟಿಗೆ ಎತ್ತಿ ಹಾಕಿ, ಇಲ್ಲಿಗೆ ಹೊಸಬನನ್ನ ತಂದ್ರು. ಸಣ್ಣ ಗೇಟಿಗೆ ದೊಡ್ಡ ಬೀಗ ಬಿತ್ತು. ಪಕ್ಕದಲ್ಲೇ ಬೋರ್ಡು: ತೋಪಿಗೆ ಹೋಗಬೇಕಾದರೆ, ಅಂತ್ಯಕ್ರಿಯೆಯೇ ಆಗಲಿ, ಎರಡು ದಿನ ಮುಂಚಿತವಾಗಿ ಮ್ಯಾನೇಜರಿಗೆ ತಿಳಿಸತಕ್ಕದ್ದು. ಅಜ್ಜಿ ನನ್ನ ಹತ್ರ ಅದನ್ನ ಎರಡೆರಡು ಸಲ ಹೇಳಿಸ್ಕೊಂಡು ಕೇಳಿದ್ಲು. ಆಮೇಲೆ ಸೊಪ್ಪಿನ ಬುಟ್ಟಿ ಎತ್ಕೊಂಡು ಹೊತ್ತಿಗೆ ಮುಂಚೆನೇ ಮನೆಗೆ ಹೋದ್ಲು.

ಊರಲ್ಲಿ ಒಬ್ಬ ನಿವೃತ್ತ ಯೂನಿಯನ್ ಮುಖಂಡರಿದ್ದಾರೆ. ಸರ್ಕಾರಿ ಕಾರ್ಖಾನೇಲಿ ಜೀವಮಾನ ಸವೆಸಿದೋರು. ಅವರಿಗೆ ರಕ್ತ ಕುದೀತು. "ಧರಣಿ ಅಂದ್ರೆ ಏನು ಅಂತ ನಾನು ತೋರಿಸ್ತೀನಿ," ಅಂದ್ರು. ಅವರ ಧರಣಿ ಅಂದ್ರೆ ಕಾರ್ಖಾನೆ ಶಿಸ್ತು. ಮೊದಲನೇ ಪಾಳಿ, ಎರಡನೇ ಪಾಳಿ, ನಡುವೆ ಟೀ ಬ್ರೇಕು. ಧಿಕ್ಕಾರ ಕೂಗೋದಕ್ಕೂ ಒಂದು ಹೊತ್ತು. ಪಾಳಿ ಮುಗಿದ ತಕ್ಷಣ ಅವರೇ ಸೀಟಿ ಊದೋರು.

ರೆಸಾರ್ಟಿನ ದೊಡ್ಡ ಗೇಟಿನ ಮುಂದೆ ಒಂದು ವಾರ ಬಲು ಚೆನ್ನಾಗಿ ನಡೀತು. ಸಾಹುಕಾರ್ರು ಊರಲ್ಲಿರಲಿಲ್ಲ. ಕೊನೆಗೂ ಒಂದು ಮಧ್ಯಾಹ್ನ ಅವರ ಕಾರು ಬಂತು, ಜೊತೆಗೆ ಟಿವಿಯವರೂ ಬಂದ್ರು. ಗೇಟಿನ ಹತ್ರ ಕಾರು ನಿಲ್ಲಿಸಿ ಸಾಹುಕಾರ್ರು ಕೆಳಗಿಳಿದು, "ಎಲ್ಲಿ, ಮಾತಾಡೋಣ, ಕರೀರಿ," ಅಂದ್ರು.

ಒಬ್ಬರೂ ಇಲ್ಲ. ಆಗ ತಾನೆ ಸೀಟಿ ಊದಿ ಮೊದಲನೇ ಪಾಳಿ ಮನೆಗೆ ಹೋಗಿತ್ತು. ಎರಡನೇ ಪಾಳಿಯೋರು ಇನ್ನೂ ಊಟ ಮಾಡ್ತಿದ್ರು. ಮುಖಂಡರು ಒಬ್ಬರೇ ಖಾಲಿ ಚಾಪೆ ಪಕ್ಕ ನಿಂತಿದ್ರು. ಸಾಹುಕಾರ್ರು ಸುತ್ತ ನೋಡಿ, ಕೈ ಮುಗಿದು, ಕಾರು ಹತ್ತಿ ಒಳಗೆ ಹೋದ್ರು.

"ಮೊದಲನೇ ಪಾಳಿಯೋರನ್ನ ಸ್ವಲ್ಪ ಹೊತ್ತು ಇರಿಸ್ಕೊಳ್ಳೋದಲ್ವಾ ಸಾರ್?" ಅಂತ ಆಮೇಲೆ ಕೇಳಿದೆ.

ಮುಖಂಡರು ನನ್ನನ್ನೇ ಗದರಿದ್ರು. "ಓವರ್‌ಟೈಮು ಯಾರು ಮಂಜೂರು ಮಾಡಿದ್ರು?"

ಎರಡು ದಿನ ಮುಂಚೆ

ರೆಸಾರ್ಟಿನ ಮ್ಯಾನೇಜರು ನನ್ನ ಅಂಗಡಿಗೆ ಬಂದೋರೇ ಅಲ್ಲ. ಒಳಗೇ ದೊಡ್ಡ ಸಲೂನಿದೆ. ಒಂದು ದಿನ ಅದರ ಹುಡುಗ ರಜಾ. ಅವತ್ತೇ ಸಾಹುಕಾರ್ರು ಮತ್ತೆ ಬರೋ ದಿನ, ಇವರ ಮುಖದಲ್ಲಿ ಮೂರು ದಿನದ ಗಡ್ಡ. ಓಡೋಡಿ ಬಂದು ಕುರ್ಚೀಲಿ ಕೂತ್ರು. ನಾನು ಕಿವಿವರೆಗೂ ನೊರೆ ಹಚ್ಚಿ, ಒಂದು ಕಡೆ ಮುಗಿಸಿ, ಇನ್ನೊಂದು ಕಡೆ ಕತ್ತಿ ಇಟ್ಟಿದ್ದೀನಿ, ಮೆಟ್ಟಿಲ ಮೇಲಿಂದ ಅಜ್ಜಿ ಒಳಗೆ ಬಂದ್ಲು.

"ಎರಡು ದಿನ ಮುಂಚೆ ಏಳ್ಬೇಕು ಅಂದೋರು ನೀವೇ ಅಲ್ವಾ ಸಾಮಿ?"

ಮ್ಯಾನೇಜರು ಕನ್ನಡೀಲೇ ಅವಳನ್ನ ನೋಡಿದ್ರು. ಎದ್ದು ಹೋಗೋ ಹಾಗಿಲ್ಲ, ಅರ್ಧ ಮುಖ ನನ್ನ ಕೈಯಲ್ಲಿದೆ. "ಹೌದಮ್ಮ, ರೂಲ್ಸು. ಯಾರು ತೀರ್ಕೊಂಡ್ರು?" ಅಂದ್ರು ಮೆತ್ತಗೆ.

"ಇನ್ನೂ ಯಾರೂ ಇಲ್ಲ. ಓಗೋಳು ನಾನೇ. ಮುಂಚೆನೇ ಏಳ್ಬೇಕಲ್ಲ, ಅದಕ್ಕೇ ಬಂದೆ."

ಬೆಂಚಿನ ಮೇಲೆ ಕೂತಿದ್ದೋರು ಪೇಪರು ಕೆಳಗಿಳಿಸಿದ್ರು.

"ಅಮ್ಮಾ, ಹಾಗಲ್ಲ..."

"ನನಗೇನು ಬ್ಯಾಸರ ಇಲ್ಲ ಸಾಮಿ. ಊರು ಓಗು ಅಂತದೆ, ಕಾಡು ಬಾ ಅಂತದೆ. ನಡುವೆ ನಿಮ್ಮದೊಂದು ಗೇಟು. ನಿಮ್ಮ ಆಟ ಯಾವತ್ತು ಇರಾಕಿಲ್ಲ ಅಂತ ಏಳ್ಬುಡಿ, ಅವತ್ತೇ ಓಯ್ತೀನಿ."

ಪಾಪ, ಮ್ಯಾನೇಜರು ಬೆಳಗಿಂದ ಸಾಯಂಕಾಲದವರೆಗೂ ಬುಕಿಂಗಿನವರಿಗೆ ಉತ್ತರ ಹೇಳೋ ಮನುಷ್ಯ. ಬಾಯಿ ತಪ್ಪಿ ಬಂದುಬಿಡ್ತು. "ಸೋಮವಾರ ಮೆಂಟೆನೆನ್ಸು, ಆಟ ಇರಲ್ಲ," ಅಂದ್ರು. ಅಂದು ನಾಲಿಗೆ ಕಚ್ಕೊಂಡ್ರು.

ಅಜ್ಜಿ ನಿಂತಲ್ಲೇ ಬೆರಳು ಮಡಿಸಿ ಎಣಿಸಿದ್ಲು. ತಲೆ ಆಡಿಸಿದ್ಲು. "ಸೋಮವಾರ ಬ್ಯಾಡ ಸಾಮಿ. ಸೋಮವಾರ ಸತ್ರೆ ಅನ್ನೊಂದರ ಕಾರ್ಯ ಗುರುವಾರ ಬೀಳ್ತದೆ. ಗುರುವಾರ ನಮ್ಮ ಅಳಿಯ ಮಾಂಸ ಮುಟ್ಟಾಕಿಲ್ಲ. ಅತ್ತೆ ತಿಥೀಲಿ ಬರೀ ಸಾರು ಉಂಡು ಬಂದೆ ಅಂತ ನಾಕೂರಲ್ಲಿ ಸಾರ್ಕೊಂಡು ಬತ್ತಾನೆ. ಇನ್ನೊಂದು ದಿನ ನೋಡಿ."

ಬೆಂಚಿನೋರು ನಗು ತಡ್ಕೊಳ್ಳಲಾರದೆ ಹೊರಗೆ ಹೋದ್ರು. ನಾನೂ ಕತ್ತಿ ಮೇಜಿನ ಮೇಲಿಟ್ಟೆ. ಅಜ್ಜಿ ಮಾತ್ರ ನಗ್ತಾ ಇರ್ಲಿಲ್ಲ. ದಿನ ಗೊತ್ತು ಮಾಡ್ಲಿ ಅಂತ ನಿಜವಾಗ್ಲೂ ಕಾಯ್ತಾ ನಿಂತಿದ್ಲು.

ಮ್ಯಾನೇಜರೂ ನಗಲಿಲ್ಲ. ಕನ್ನಡೀಲಿ ತಮ್ಮ ಅರ್ಧ ಮುಖ ನೋಡ್ಕೊಂಡ್ರು. ಆಮೇಲೆ ಬಟ್ಟೆ ಕೆಳಗಿಂದ ಫೋನು ತೆಗೆದ್ರು. ಕಿವಿ ತುಂಬಾ ನೊರೆ, ಅದಕ್ಕೆ ಸ್ಪೀಕರಿಗೆ ಹಾಕಿದ್ರು. ಸಣ್ಣ ಗೇಟಿನ ಹೊಸ ಗಾರ್ಡು ಎತ್ತಿದ.

"ತೋಪಿನ ಗೇಟಿನ ಬೀಗ ತೆಗಿ," ಅಂದ್ರು. "ಆ ಬೋರ್ಡೂ ಕಿತ್ತುಹಾಕು. ಇನ್ಮೇಲೆ ಯಾರನ್ನೂ ತಡೀಬೇಡ. ಸಾಹುಕಾರ್ರಿಗೆ ನಾನು ಹೇಳ್ಕೊಳ್ತೀನಿ."

"ಆಯ್ತು ಸಾರ್," ಅಂದ ಗಾರ್ಡು. ದನಿ ತಗ್ಗಿಸಿ, ಬಹಳ ಮರ್ಯಾದೆಯಿಂದ ಕೇಳಿದ. "ಬಾಡಿ ಎಷ್ಟೊತ್ತಿಗೆ ಬರುತ್ತೆ ಸಾರ್?"

ಅಜ್ಜಿ ಮುಂದೆ ಬಂದು ಫೋನಿಗೆ ಬಗ್ಗಿದ್ಲು.

"ಸಾಯಂಕಾಲ ನಾನೇ ನಡ್ಕಂಡು ಬತ್ತೀನಿ ಕಣಪ್ಪ," ಅಂದ್ಲು.