ಒಂದೂ ಹೊಸ ಸ್ಕ್ರೂ ಇಲ್ಲದ ಪೆಟ್ಟಿಗೆ

ಅಷ್ಟೂ ರಾದ್ಧಾಂತಕ್ಕೆ ಕಾರಣ ಒಂದು ನಾಬ್. ರೇಡಿಯೋದ ಸದ್ದು ಏರಿಸಲು, ಇಳಿಸಲು ತಿರುಗಿಸುತ್ತೇವಲ್ಲ, ಅದೇ. ಕೆನೆ ಬಣ್ಣದ್ದು, ದುಂಡಗಿನದು, ಅಂಚಿನಲ್ಲಿ ಒಂದು ಚೂರು ಹಾರಿಹೋಗಿರಬೇಕು. ಚೂರು ಹಾರದ ನಾಬನ್ನು ಯಾರಾದರೂ ಮನೆ ಬಾಗಿಲಿಗೆ ತಂದು ಪುಕ್ಕಟೆ ಕೊಟ್ಟರೂ ಗುಮಾಸ್ತರಿಗೆ ಬೇಡ.

ಈ ಗುಮಾಸ್ತರು ನೀರಿನ ಬಿಲ್ಲಿನ ಕಚೇರಿಯಲ್ಲಿ ಕೆಲಸ ಮಾಡುವವರು. ಅಲ್ಲಿ ಅವರು ಇದ್ದಾರೆಂಬುದು ಅವರು ರಜೆ ಹಾಕಿದ ದಿನ ಮಾತ್ರ ಉಳಿದವರ ಗಮನಕ್ಕೆ ಬರುತ್ತಿತ್ತು. ವಾಸವಿದ್ದ ಮೂರಂತಸ್ತಿನ ಕಟ್ಟಡದಲ್ಲಿ ಮಾತ್ರ 'ಗುಜರಿ ಗುಮಾಸ್ತರು' ಎಂದರೆ ಎಲ್ಲರಿಗೂ ಗೊತ್ತು. ಚಿಕ್ಕವರಿದ್ದಾಗ ಅವರೊಂದು ಕಪ್ಪು ಬಿಳುಪು ಸಿನಿಮಾ ನೋಡಿದ್ದರು. ಅದರಲ್ಲೊಬ್ಬ ಕೆದರಿದ ಕೂದಲಿನ ವಿಜ್ಞಾನಿ. ಅವನ ಹತ್ತಿರ ನಾಳೆಯ ಸುದ್ದಿಯನ್ನು ಇವತ್ತೇ ಹೇಳುವ ಒಂದು ತಗಡಿನ ಪೆಟ್ಟಿಗೆ. ಸಿನಿಮಾ ಒಂದು ವಾರವೂ ಓಡದೆ ಮಕಾಡೆ ಮಲಗಿತು. ಪೆಟ್ಟಿಗೆ ಮಾತ್ರ ಗುಮಾಸ್ತರ ತಲೆಯೊಳಗೆ ಹೊಕ್ಕು ಅಲ್ಲೇ ಕೂತುಬಿಟ್ಟಿತು.

ಅಂಥದ್ದೇ ಒಂದು ನಾಳೆಪೆಟ್ಟಿಗೆಯನ್ನು ಕೈಯಾರೆ ಮಾಡಲು ಹೊರಟು ಅವರಿಗೆ ಮೂರು ವರ್ಷವಾಗಿತ್ತು. ಆ ಸಿನಿಮಾದ ಸವೆದ ಕ್ಯಾಸೆಟ್ಟೊಂದನ್ನು ಎಲ್ಲಿಂದಲೋ ಸಂಪಾದಿಸಿ, ನಿಲ್ಲಿಸಿ ನಿಲ್ಲಿಸಿ ನೋಡಿ, ಪೆಟ್ಟಿಗೆಯ ಒಂದೊಂದು ಗುಂಡಿಯನ್ನೂ ಬಾಯಿಪಾಠ ಮಾಡಿದ್ದರು. ಜೊತೆಗೆ ಒಂದು ಹಟ ಬೇರೆ. ಸಿನಿಮಾ ತೆಗೆದ ಕಾಲಕ್ಕಿಂತ ಈಚಿನ ಒಂದು ಸಾಮಾನೂ ಅದರೊಳಗೆ ಬರಕೂಡದು. ತಗಡು ಆ ಕಾಲದ್ದು, ಬಟ್ಟೆ ಸುತ್ತಿದ ವೈರು ಆ ಕಾಲದ್ದು, ಟೆಲಿಫೋನಿನ ಡಯಲ್ಲು, ಕ್ಯಾಮೆರಾ ಫ್ಲಾಶಿನ ಬಟ್ಟಲು, ಟೈಪ್‌ರೈಟರಿನ ಕೀಲಿಗಳು ಎಲ್ಲವೂ ಗುಜರಿ ಅಂಗಡಿಗಳ ರಾಶಿಯಿಂದ ಒಂದೊಂದಾಗಿ ಹೆಕ್ಕಿ ತಂದವು.

"ಒಳಗಿನ ಸ್ಕ್ರೂ ಹೊಸದಾದ್ರೆ ಯಾರಿಗ್ರೀ ಗೊತ್ತಾಗುತ್ತೆ?" ಎಂದು ಹೆಂಡತಿ ಕೇಳಿದರೆ, "ನನಗೆ ಗೊತ್ತಾಗುತ್ತಲ್ಲ" ಎನ್ನುತ್ತಿದ್ದರು. ಆಕೆ ಹಣೆ ಚಚ್ಚಿಕೊಂಡು ಒಳಗೆ ಹೋಗುತ್ತಿದ್ದರು.

ಆದರೆ ಆಕೆಯ ತಾಳ್ಮೆಗೂ ಒಂದು ಮಿತಿ ಇತ್ತು, ಮನೆಗೂ ಒಂದು ಅಳತೆ ಇತ್ತು. ಹಿಂದಿನ ಚಿಕ್ಕ ಕೋಣೆಯ ತುಂಬ ಗುಜರಿ. ನಾಳೆ ಆಕೆಯ ತಾಯಿ ಬಂದಿಳಿಯುವವರಿದ್ದರು. "ಇವತ್ತು ಸಂಜೆ ನಿಮ್ಮ ಪೆಟ್ಟಿಗೆಗೆ ಬಹುಮಾನ ಬಂತೋ, ಕೋಣೆ ನಿಮ್ಮದು. ಅಮ್ಮ ಹೊರಗಡೆ ಮಲಗ್ತಾಳೆ. ಬರ್ಲಿಲ್ವೋ, ನಾಳೆ ಬೆಳಗ್ಗೆ ಗುಜರಿಯವನ ಗಾಡಿ ಬಾಗಿಲಿಗೆ ಬರುತ್ತೆ. ಹೇಳಿಟ್ಟಿದ್ದೀನಿ" ಎಂದು ಆಕೆ ತೀರ್ಪು ಕೊಟ್ಟಿದ್ದರು. ಹಳೆಯ ಸಿನಿಮಾಗಳ ಅಭಿಮಾನಿ ಸಂಘದವರು ಆ ಸಂಜೆ, ಸಿನಿಮಾಗಳಲ್ಲಿ ಬರುವ ಸಾಮಾನುಗಳ ಮಾದರಿಗಳನ್ನು ಕೈಯಾರೆ ಮಾಡಿ ತರುವ ಸ್ಪರ್ಧೆ ಇಟ್ಟಿದ್ದರು. ಆ ಕೋಣೆ ಬಿಟ್ಟರೆ ಗುಮಾಸ್ತರಿಗೆ ಜಗತ್ತಿನಲ್ಲಿ ತಮ್ಮದೆನ್ನುವ ಇನ್ನೊಂದು ಜಾಗವಿರಲಿಲ್ಲ. ಅವರಿಗೆ ಬಹುಮಾನ ಬೇಕೇ ಬೇಕಿತ್ತು.

ಪೆಟ್ಟಿಗೆಯ ನಟ್ಟನಡುವಿನ ದುಂಡು ಮಾಪಕ ಅತ್ತೆಯವರು ಹೋದ ಸಲ ಬಿಟ್ಟುಹೋಗಿದ್ದ ಹಳೆಯ ಬಿ.ಪಿ. ಯಂತ್ರದಿಂದ ಬಿಚ್ಚಿದ್ದೆಂಬುದನ್ನು ಅವರು ಇನ್ನೂ ಹೆಂಡತಿಗೆ ಹೇಳಿರಲಿಲ್ಲ. ಹೇಳಲು ಒಳ್ಳೆಯ ಗಳಿಗೆಗಾಗಿ ಕಾಯುತ್ತಿದ್ದರು.

ಇನ್ನು ನಾಬ್. ಬೇಕಾದ ನಾಬ್, ಬೇಕಾದ ಜಾಗದಲ್ಲೇ ಚೂರು ಹಾರಿದ್ದು, ಇದ್ದದ್ದು ಮೇಲಿನ ಮಹಡಿಯ ನಿವೃತ್ತ ಹೆಡ್‌ಮಾಸ್ತರರ ರೇಡಿಯೋದಲ್ಲಿ. ಗುಮಾಸ್ತರು ಬೆಳಗ್ಗೆಯೇ ಹೋಗಿ ಅವರ ಬಾಗಿಲು ತಟ್ಟಿದರು.

"ಸಾರ್, ಇವತ್ತೊಂದು ದಿನದ ಮಟ್ಟಿಗೆ..."

"ನಾಬು ತಾನೆ? ಹೋದ ವಾರಾನೂ ಕೇಳಿದ್ರಿ. ಅದರ ಹಿಂದಿನ ವಾರಾನೂ ಕೇಳಿದ್ರಿ. ನಾನು ವಾರ್ತೆ ಕೇಳೋದು ಬೇಡ್ವೇನ್ರೀ?"

"ರಾತ್ರಿ ವಾರ್ತೆ ಹೊತ್ತಿಗೆ ತಂದು ಹಾಕ್ಬಿಡ್ತೀನಿ ಸಾರ್. ಇವತ್ತೇ ಕೊನೆ."

ಹೆಡ್‌ಮಾಸ್ತರರು ಕನ್ನಡಕದ ಮೇಲಿಂದ ಅವರನ್ನು ನೋಡಿದರು. ಆ ನೋಟಕ್ಕೆ ಎಷ್ಟು ತಲೆಮಾರಿನ ವಿದ್ಯಾರ್ಥಿಗಳು ಬೆವರಿದ್ದರೋ. "ಸರಿ. ಆದ್ರೆ ನಾಬು ಎಲ್ಲಿಗೆ ಹೋಗುತ್ತೋ ನಾನೂ ಅಲ್ಲಿಗೆ ಬರ್ತೀನಿ. ಕಣ್ಣು ತಪ್ಪೋಕೆ ಬಿಡೋನಲ್ಲ ನಾನು."

ರೇಡಿಯೋದಲ್ಲಿ ಕುರಿಗಳ ಗೊರಸಿನ ರೋಗದ ಬಗ್ಗೆ ಯಾರೋ ಮೆಲ್ಲಗೆ ಭಾಷಣ ಮಾಡುತ್ತಿದ್ದರು. ನಾಬ್ ಹುಟ್ಟಿದಾಗಿನಿಂದ ಜಾಗ ಬಿಟ್ಟು ಕದಲಿರಲಿಲ್ಲ. ಗುಮಾಸ್ತರು ಜಗ್ಗಿದರು, ತಿರುಚಿದರು, ಗೋಡೆಗೆ ಕಾಲು ಕೊಟ್ಟು ಎಳೆದರು. ಅದು ಕೈಗೆ ಬಂದು ಅವರು ಹಿಂದಕ್ಕೆ ಬಿದ್ದರು. ಆದರೆ ಬರುವ ಮೊದಲು ಅದು ಕೊನೆಯವರೆಗೂ ತಿರುಗಿತ್ತು. ಕುರಿಗಳ ಗೊರಸು ಇಡೀ ಕಟ್ಟಡದಲ್ಲಿ ಗುಡುಗಿತು.

ಗುಮಾಸ್ತರು ಗಡಬಡಿಸಿ ಎದ್ದು, ನಾಬ್ ಕಳಚಿದ ಕಡ್ಡಿಯನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಿದರು. ಹಳೆಯ ಕಡ್ಡಿ ಬುಡದಲ್ಲೇ ಲಟಕ್ಕನೆ ಮುರಿಯಿತು. ಇನ್ನು ಆ ನಾಬನ್ನು ರಾತ್ರಿ ವಾರ್ತೆ ಹೊತ್ತಿಗಲ್ಲ, ಯಾವ ವಾರ್ತೆ ಹೊತ್ತಿಗೂ ಅಲ್ಲಿ ಕೂರಿಸುವಂತಿರಲಿಲ್ಲ.

"ಏನಾಯ್ತು?" ಎಂದು ಹೆಡ್‌ಮಾಸ್ತರರು ಕೂಗಿದರು.

"ಏನಿಲ್ಲ ಸಾರ್!" ಎಂದು ಗುಮಾಸ್ತರೂ ಕೂಗಿದರು.

ರೇಡಿಯೋದ ಪ್ಲಗ್ಗು ಪುಸ್ತಕದ ಬೀರುವಿನ ಹಿಂದೆ. ಬೀರು ನಾಲ್ಕು ಜನರಿಗೂ ಜಗ್ಗುವಂಥದ್ದಲ್ಲ. ಫ್ಯೂಸು ಕೀಳೋಣವೆಂದರೆ ಹೆಡ್‌ಮಾಸ್ತರರ ಮೀನಿನ ತೊಟ್ಟಿಗೆ ಗಾಳಿ ನಿಂತುಹೋಗುತ್ತದೆ. ಇದನ್ನೆಲ್ಲ ಅವರು ಕೂಗಿ ಕೂಗಿ ಚರ್ಚಿಸುತ್ತಿರುವಾಗ ಕೆಳಗಿನ ಅಂಗಡಿಯ ದರ್ಜಿ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದ.

"ಮಾಸ್ತರೇ, ಕುರಿ ಕಾಲಿಗೆ ಏನಾದ್ರೂ ಆಗ್ಲಿ! ನನ್ನ ಕತ್ತರಿ ವಾರೆ ಹೋಗಿ ಒಂದು ಪ್ಯಾಂಟು ಚಡ್ಡಿ ಆಯ್ತು!"

ಆಮೇಲೆ ಅವನ ಕಣ್ಣು ಗುಮಾಸ್ತರ ಮೇಲೆ ಬಿತ್ತು. "ಓ, ನೀವಾ? ಅಣ್ಣಾ, ನನ್ನ ಹಳೇ ಮಿಷನ್ನಿನ ಹಿಡಿ ಎಲ್ಲಿ? ಎರಡು ದಿನಕ್ಕೆ ಅಂತ ಇಸ್ಕೊಂಡು ಎರಡು ತಿಂಗಳಾಯ್ತು. ಶಾಲೆ ಯೂನಿಫಾರಂ ರಾಶಿ ಬಿದ್ದಿದೆ. ಕರೆಂಟು ಹೋದ್ರೆ ನಾನು ಬಾಯಲ್ಲಿ ಹೊಲೀಲಾ?"

ಹಿಡಿ ಆಗಲೇ ಪೆಟ್ಟಿಗೆಯ ಬಲಗಡೆ ರಿವೆಟ್ಟು ಹೊಡೆಸಿಕೊಂಡು ಭದ್ರವಾಗಿ ಕೂತಿತ್ತು. ಸಂಜೆ ಬಿಚ್ಚಿಕೊಡುವುದಾಗಿ ಗುಮಾಸ್ತರು ಆಣೆ ಮಾಡಿದರು. ದರ್ಜಿಗೆ ಆಣೆಯಲ್ಲಿ ನಂಬಿಕೆ ಇರಲಿಲ್ಲ. "ನಾನೂ ಬರ್ತೀನಿ" ಎಂದ.

ಹೀಗೆ ಸಂಜೆ ಮೆರವಣಿಗೆ ಹೊರಟಿತು. ಮುಂದೆ ಪೆಟ್ಟಿಗೆಯನ್ನು ಎದೆಗವುಚಿಕೊಂಡ ಗುಮಾಸ್ತರು, ಪಕ್ಕದಲ್ಲಿ ನಾಬಿನ ಮೇಲೆ ಕಣ್ಣಿಟ್ಟ ಹೆಡ್‌ಮಾಸ್ತರರು, ಹಿಂದೆ ಹಿಡಿಯ ಮೇಲೆ ಕೈಯಿಟ್ಟ ದರ್ಜಿ, ಅವರೆಲ್ಲರ ಹಿಂದೆ ಬಹುಮಾನ ಬಾರದಿರುವುದನ್ನು ಕಣ್ಣಾರೆ ನೋಡಲು ಹೊರಟ ಹೆಂಡತಿ. ಎರಡು ಬೀದಿ ದಾಟುವವರೆಗೂ ಹೆಡ್‌ಮಾಸ್ತರರ ರೇಡಿಯೋ ಅವರನ್ನು ಬೀಳ್ಕೊಡುತ್ತಲೇ ಇತ್ತು.

ಸಭಾಂಗಣದ ಮೇಜುಗಳ ಮೇಲೆ ಮಾದರಿಗಳು ಸಾಲಾಗಿ ಕೂತಿದ್ದವು. ಗುಮಾಸ್ತರ ಪಕ್ಕದ ಮೇಜಿನ ಮೇಲೆ ಒಬ್ಬ ಹಲ್ಲಿನ ಡಾಕ್ಟರು ಮಾಡಿದ ರಟ್ಟಿನ ರಾಕೆಟ್ಟು. ಒಂದು ಕಡೆಗೆ ವಾಲಿತ್ತು, ಅಂಟು ಇನ್ನೂ ಒಣಗಿರಲಿಲ್ಲ. ಅದನ್ನು ನೋಡಿ ಗುಮಾಸ್ತರಿಗೆ ಆ ದಿನ ಮೊದಲ ಬಾರಿಗೆ ಜೀವ ಬಂದಂತಾಯಿತು. ಕೋಣೆ ಉಳಿಯಿತು ಎಂದುಕೊಂಡರು.

ಸಂಘದ ಕಾರ್ಯದರ್ಶಿ ಭೂತಗನ್ನಡಿ ಹಿಡಿದು ಬಂದರು. ನಾಳೆಪೆಟ್ಟಿಗೆಯ ಮುಂದೆ ನಿಂತವರು ಕದಲಲಿಲ್ಲ. ಸ್ಕ್ರೂಗಳನ್ನು ನೋಡಿದರು, ವೈರನ್ನು ಮೂಸಿದರು, ಬೆಸುಗೆಯನ್ನು ಉಗುರಿನಿಂದ ಕೆರೆದರು.

"ಇದರಲ್ಲಿ ಹೊಸ ಸಾಮಾನು ಯಾವುದು?"

ಗುಮಾಸ್ತರು ಬಾಯಿ ತೆರೆಯುವ ಮೊದಲೇ ಹೆಡ್‌ಮಾಸ್ತರರು ಮುಂದೆ ಬಂದರು. "ಹೊಸದೇ? ಇದರಲ್ಲಿ ಒಂದೇ ಒಂದು ಹೊಸ ಸ್ಕ್ರೂ ತೋರಿಸಿ, ನಾನು ಮೀಸೆ ಬೋಳಿಸ್ತೀನಿ. ನಾನು ಸುಳ್ಳು ಹೇಳೋ ಪೈಕಿ ಅಲ್ಲ." ನೆರೆಯವನ ಬಗ್ಗೆ ಒಂದು ಒಳ್ಳೆಯ ಮಾತು ಆಡಿದ ತೃಪ್ತಿ ಅವರ ಮುಖದಲ್ಲಿತ್ತು.

ಕಾರ್ಯದರ್ಶಿಯ ಹುಬ್ಬು ಮೇಲೇರಿತು. ಅವರು ಓಡಿಹೋಗಿ ಆ ದಿನದ ತೀರ್ಪುಗಾರರನ್ನು ಕೈಹಿಡಿದು ಕರೆತಂದರು. ಆ ಸಿನಿಮಾ ತೆಗೆದ ಸ್ಟುಡಿಯೋದಲ್ಲಿ ಒಂದು ಕಾಲಕ್ಕೆ ಸಾಮಾನು ಕೋಣೆ ನೋಡಿಕೊಳ್ಳುತ್ತಿದ್ದ ಮುದುಕರು ಅವರು. ಊರುಗೋಲು ಊರಿಕೊಂಡು ಬಂದವರು ಪೆಟ್ಟಿಗೆಯನ್ನು ನೋಡಿ ನಿಂತೇಬಿಟ್ಟರು. ಅವರ ಬೆರಳು ಎಡಗಡೆಯ ಮೂಲೆಗೆ ಹೋಯಿತು. ಅಲ್ಲಿ ತಗಡು ಸ್ವಲ್ಪ ತಗ್ಗಿತ್ತು.

"ಈ ಪೆಟ್ಟು..." ಎಂದರು ಮುದುಕರು. "ಇದು ನಾನು ಕೆಡವಿದಾಗ ಆಗಿದ್ದು. ಶೂಟಿಂಗಿನ ದಿನ ಮೆಟ್ಟಿಲ ಮೇಲೆ ಎಡವಿ ಬಿದ್ದೆ. ಎಲ್ಲರ ಮುಂದೆ ಬೈಸ್ಕೊಂಡೆ. ಸ್ಟುಡಿಯೋ ಮುಚ್ಚಿದಾಗ ಎಲ್ಲಾ ಹರಾಜಾಗಿ ಹೋಯ್ತು. ಆವತ್ತಿಂದ ಹುಡುಕ್ತಾನೇ ಇದ್ದೀನಪ್ಪ ಇದನ್ನ." ಅವರ ಕಣ್ಣಿಂದ ನೀರು ಸುರಿಯತೊಡಗಿತು.

ಆ ತಗ್ಗನ್ನು ಮಾಡಿದ್ದು ಗುಮಾಸ್ತರ ಸುತ್ತಿಗೆ. ಸಿನಿಮಾದ ಎರಡನೆಯ ಭಾಗದಲ್ಲಿ ಆ ಮೂಲೆ ತಗ್ಗಿರುವುದನ್ನು ಗಮನಿಸಿ, ಹೋದ ತಿಂಗಳು, ಮಗುವಿಗೆ ಚುಚ್ಚುಮದ್ದು ಹಾಕಿಸುವ ತಂದೆಯಂತೆ ಮುಖ ಅತ್ತ ತಿರುಗಿಸಿಕೊಂಡು ಒಂದೇ ಏಟು ಕೊಟ್ಟಿದ್ದರು.

"ಸಾರ್, ಇದು ಅದಲ್ಲ, ನಾನು ಮಾಡಿದ್ದು" ಎಂದರು ಗುಮಾಸ್ತರು ಗಾಬರಿಯಿಂದ. "ಬೇಕಾದ್ರೆ ಇವರನ್ನ ಕೇಳಿ. ಈ ನಾಬು ಇವರ ರೇಡಿಯೋದ್ದು!"

"ಹೌದು, ನನ್ನದೇ" ಎಂದರು ಹೆಡ್‌ಮಾಸ್ತರರು.

"ಹಿಡಿ ನನ್ನದು. ನಮ್ಮಪ್ಪನ ಕಾಲದ್ದು" ಎಂದ ದರ್ಜಿ.

ಅಷ್ಟರಲ್ಲಿ ಹೆಂಡತಿ ಪೆಟ್ಟಿಗೆಗೆ ಮುಖ ಹತ್ತಿರ ತಂದು ನೋಡಿದರು. "ರೀ! ಇದು ನಮ್ಮಮ್ಮನ ಬಿ.ಪಿ. ಮಿಷನ್ನಿಂದಲ್ವಾ?"

ಗುಮಾಸ್ತರಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಆದರೂ ಒಳಗೊಳಗೇ ಒಂದು ನೆಮ್ಮದಿ. ಮೂರು ಜನ ಸಾಕ್ಷಿ ಹೇಳಿದ ಮೇಲೆ ಇನ್ನೇನು ಬೇಕು?

ಕಾರ್ಯದರ್ಶಿ ಒಂದು ಕ್ಷಣ ಯೋಚಿಸಿ ಎರಡೂ ಕೈ ತಟ್ಟಿದರು. "ಈಗ ಗೊತ್ತಾಯ್ತು! ಹರಾಜಿನಲ್ಲಿ ಪೆಟ್ಟಿಗೇನ ಬಿಚ್ಚಿ ಚೂರು ಚೂರು ಮಾಡಿ ಮಾರಿದ್ದಾರೆ. ನಾಬು ಒಬ್ಬರ ಮನೆಗೆ, ಹಿಡಿ ಒಬ್ಬರ ಮನೆಗೆ, ಮಾಪಕ ಇನ್ನೊಬ್ಬರ ಮನೆಗೆ. ಇಷ್ಟು ವರ್ಷ ಜೋಪಾನ ಮಾಡಿ ಇಟ್ಕೊಂಡು, ಇವತ್ತು ಎಲ್ಲರೂ ಸೇರಿ ತಂದಿದ್ದೀರಿ. ಗಾಜಿನ ಕಪಾಟಿನಲ್ಲಿ ನಿಮ್ಮ ಮೂವರ ಹೆಸರೂ ದೊಡ್ಡದಾಗಿ ಬರೆಸ್ತೀವಿ!"

ಹೆಡ್‌ಮಾಸ್ತರರು ಮೀಸೆ ಸವರಿಕೊಂಡರು. "ನಮ್ಮ ತಂದೆಯವರು ಯಾವುದೋ ಹರಾಜಿಗೆ ಹೋಗ್ತಾ ಇದ್ದದ್ದು ನೆನಪಿದೆ" ಎಂದರು. ಸುಳ್ಳು ಹೇಳುವ ಪೈಕಿಯವರಲ್ಲವಾದ್ದರಿಂದ ಅಷ್ಟಕ್ಕೇ ನಿಲ್ಲಿಸಿದರು. ದರ್ಜಿ, "ಹಿಡಿ ಇಲ್ಲೇ ಇರ್ಲಿ ಬಿಡಿ" ಎಂದ. ಹೆಂಡತಿ ಸೆರಗು ಸರಿಮಾಡಿಕೊಂಡು, "ಅಮ್ಮ ನಾಳೆ ಬರ್ತಾಳೆ. ಇದನ್ನ ನೋಡಿದ್ರೆ ಇನ್ನೊಂದು ತಿಂಗಳು ಹೆಚ್ಚಿಗೇ ಇದ್ದು ಹೋಗ್ತಾಳೆ" ಎಂದರು.

ಗುಮಾಸ್ತರ ಜೇಬಿನಲ್ಲಿ ಸ್ಕ್ರೂಡ್ರೈವರ್ ಇತ್ತು. ಪೆಟ್ಟಿಗೆಯ ತಳ ಬಿಚ್ಚಿದರೆ ಸಾಕು. ಡಯಲ್ಲು ಅಲುಗದಿರಲೆಂದು, ತಮ್ಮ ಹಟಕ್ಕೆ ಒಂದೇ ಒಂದು ವಿನಾಯಿತಿ ಕೊಟ್ಟು, ಒಳಗೆ ಮಡಚಿಟ್ಟ ತಮ್ಮದೇ ಕಚೇರಿಯ ಹೋದ ತಿಂಗಳ ನೀರಿನ ಬಿಲ್ಲು ಎಲ್ಲರಿಗೂ ಕಾಣುತ್ತದೆ. ಬಹುಮಾನವೂ ಬರುತ್ತದೆ, ಕೋಣೆಯೂ ಉಳಿಯುತ್ತದೆ. ಅವರು ಸ್ಕ್ರೂಡ್ರೈವರ್ ಹೊರತೆಗೆದು ಪೆಟ್ಟಿಗೆಯ ಹತ್ತಿರ ಹೋದರು.

ಮುದುಕರು ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದರು. "ಇದನ್ನ ಹಾಳು ಮಾಡಿದೋನು ನಾನು ಅಂತ ಆವತ್ತಿಂದ ಮನಸ್ಸಿನಲ್ಲಿ ಕೊರೀತಿತ್ತು" ಎಂದರು ಯಾರಿಗೆಂದಿಲ್ಲದೆ. "ಎಲ್ಲೋ ಕರಗಿಸಿ ಪಾತ್ರೆ ಮಾಡಿರ್ತಾರೆ ಅಂದ್ಕೊಂಡಿದ್ದೆ. ಇದೆಯಲ್ಲಪ್ಪ, ಹಾಗೇ ಇದೆಯಲ್ಲ."

ತಮ್ಮಷ್ಟೇ ಈ ಪೆಟ್ಟಿಗೆಯನ್ನು ಪ್ರೀತಿಸಿದ ಇನ್ನೊಬ್ಬ ಮನುಷ್ಯ ಜಗತ್ತಿನಲ್ಲಿದ್ದಾನೆಂದು ಗುಮಾಸ್ತರಿಗೆ ಆವರೆಗೆ ಗೊತ್ತಿರಲಿಲ್ಲ. ಅವರು ಸ್ಕ್ರೂಡ್ರೈವರನ್ನು ಮೆಲ್ಲಗೆ ಜೇಬಿಗಿಳಿಸಿದರು.

"ಹೌದಜ್ಜ" ಎಂದರು. "ಅದೇ ಇದು."

ಮೊದಲ ಬಹುಮಾನ ರಟ್ಟಿನ ರಾಕೆಟ್ಟಿಗೆ ಹೋಯಿತು. ನೋಡಿದೊಡನೆ ಮಾದರಿ ಎಂದು ಯಾವ ಸಂಶಯಕ್ಕೂ ಎಡೆಯಿಲ್ಲದಂತೆ ತಿಳಿಯುತ್ತದೆ ಎಂದು ಕಾರ್ಯದರ್ಶಿ ಹೊಗಳಿದರು. ನಾಳೆಪೆಟ್ಟಿಗೆ ಗಾಜಿನ ಕಪಾಟು ಸೇರಿತು. ಅದರ ಮುಂದಿನ ಫಲಕದಲ್ಲಿ ಹೆಡ್‌ಮಾಸ್ತರರ ಹೆಸರಿತ್ತು, ದರ್ಜಿಯ ಹೆಸರಿತ್ತು, ಅತ್ತೆಯ ಹೆಸರಿತ್ತು. ಕೆಳಗೆ, 'ತಯಾರಿಸಿದವರು: ತಿಳಿದುಬಂದಿಲ್ಲ' ಎಂದಿತ್ತು.

ಹೆಂಡತಿ ಪಕ್ಕಕ್ಕೆ ಬಂದು ನಿಂತರು. ಆಕೆ ಸ್ಕ್ರೂಡ್ರೈವರ್ ಹೊರಬಂದದ್ದನ್ನೂ ಒಳಹೋದದ್ದನ್ನೂ ನೋಡಿದ್ದರು. "ಬಿಚ್ಚಿ ತೋರಿಸಬಹುದಿತ್ತಲ್ರೀ" ಎಂದರು ಮೆಲ್ಲಗೆ.

"ಹೇಗೆ ತೋರಿಸ್ಲಿ? ನೋಡು ಅವರನ್ನ."

ಆಕೆ ಮುದುಕರನ್ನು ನೋಡಿದರು, ಗಂಡನನ್ನು ನೋಡಿದರು, ನಿಟ್ಟುಸಿರು ಬಿಟ್ಟರು. ಆಕೆಯ ಮನಸ್ಸು ನಿಜಕ್ಕೂ ಕರಗಿತ್ತು. "ಆಗ್ಲಿ ಬಿಡಿ. ಗುಜರಿಯವನಿಗೆ ಬೆಳಗ್ಗೆ ಬೇಡ, ಮಧ್ಯಾಹ್ನ ಬಾ ಅಂತ ಹೇಳ್ತೀನಿ."

ಹೊರಡುವಾಗ ಬಾಗಿಲಲ್ಲಿ ಕಾರ್ಯದರ್ಶಿ ಹೆಡ್‌ಮಾಸ್ತರರ ಕೈ ಕುಲುಕಿದರು, ದರ್ಜಿಯ ಕೈ ಕುಲುಕಿದರು, ಹೆಂಡತಿಗೆ ಕೈಮುಗಿದು ತಾಯಿಯವರನ್ನು ಕೇಳಿದ್ದಾಗಿ ಹೇಳಿ ಎಂದರು. ಕೊನೆಯಲ್ಲಿ ಗುಮಾಸ್ತರು ಸಿಕ್ಕರು.

"ಪೆಟ್ಟಿಗೆ ಹೊತ್ಕೊಂಡು ಬಂದವರು ನೀವೇ ಅಲ್ವಾ? ಪಾಪ, ಮಾದರಿ ಅಂತ ತಪ್ಪಾಗಿ ಬರೆಸಿಬಿಟ್ಟಿದ್ರಿ, ಇರ್ಲಿ, ನಾವೇನೂ ತಪ್ಪು ತಿಳ್ಕೊಂಡಿಲ್ಲ" ಎಂದು ಬೆನ್ನು ತಟ್ಟಿದರು. "ಇಂಥದ್ರಲ್ಲಿ ನಿಮಗೂ ಆಸಕ್ತಿ ಇದ್ದ ಹಾಗಿದೆ. ಮುಂದಿನ ವರ್ಷ ನೀವೂ ಏನಾದ್ರೂ ಸ್ವಂತವಾಗಿ ಮಾಡ್ಕೊಂಡು ಬನ್ನಿ. ಭಯ ಪಡ್ಬೇಡಿ, ಅಂಥ ಕಷ್ಟದ್ದೇನಲ್ಲ. ಒಂದಿಷ್ಟು ರಟ್ಟಿದ್ರೆ ಸಾಕು."